ತಿಥಿ ಕಾರ್ಡಿನ ಕೊನೆಯ ಸಾಲು

ಇವತ್ತು ಬೆಳಿಗ್ಗೆ ಪ್ರೆಸ್ಸಿನ ಷಟರ್ ಎತ್ತಿ ಊದುಬತ್ತಿ ಹಚ್ಚುವಷ್ಟರಲ್ಲಿ ಹೆಬ್ಬಾಲೆ ಕಡೆಯ ಗಿರಾಕಿಯೊಬ್ಬರು ಬಂದರು. ಅವರ ದೊಡ್ಡಪ್ಪ ತೀರಿಕೊಂಡಿದ್ದರು, ತಿಥಿ ಕಾರ್ಡ್ ಆಗಬೇಕಿತ್ತು. ಇಂಥ ಕೆಲಸಕ್ಕೆ ಯಾರೂ ಬರಿಗೈಲಿ ಬರುವುದಿಲ್ಲ. ಯಾರದೋ ಮನೆಯ ಹಳೆಯ ಕಾರ್ಡನ್ನು ಜೇಬಿನಲ್ಲಿ ಮಡಚಿಟ್ಟುಕೊಂಡು ಬಂದು, "ಹೆಸರು, ತಾರೀಕು, ಫೋಟೋ ಬದ್ಲಾಯ್ಸಿ, ಬಾಕಿ ಹಿಂಗೇ ಇರ್ಲಿ" ಎನ್ನುತ್ತಾರೆ. ಅವರೂ ಹಾಗೇ ಅಂದು ಕಾರ್ಡನ್ನು ಮೇಜಿನ ಮೇಲಿಟ್ಟರು. ಬಿಡಿಸಿ ನೋಡಿದೆ. ಅಲ್ಲಿ ನನ್ನ ಅಕ್ಕ ಇದ್ದಳು.

ಅಕ್ಕನ ಆ ಫೋಟೋ ತೆಗೆದವನೂ ನಾನೇ, ಕಾರ್ಡ್ ಅಚ್ಚು ಮಾಡಿದವನೂ ನಾನೇ. ಆದರೂ ಕಾರ್ಡನ್ನು ಮತ್ತೆ ಮಡಚಿಬಿಟ್ಟೆ. ಗಿರಾಕಿಗೆ ಏನೂ ಗೊತ್ತಿಲ್ಲ ಪಾಪ, "ಪ್ರಿಂಟು ಚೆನ್ನಾಗಿ ಬಂದದೆ ಅಂತ ತಂದೆ" ಎಂದರು. ಹೌದು, ಚೆನ್ನಾಗಿಯೇ ಬಂದಿದೆ ಎಂದು ಮ್ಯಾಟರ್ ಬರೆದುಕೊಂಡು ಅವರನ್ನು ಕಳಿಸಿದೆ. ಆಮೇಲೆ ಅರ್ಧ ಗಂಟೆ ಯಾವ ಕೆಲಸವೂ ಸಾಗಲಿಲ್ಲ.

ನನ್ನ ಉದ್ಯೋಗದ ಬಗ್ಗೆ ನಿಮಗೆ ಒಂದು ಮಾತು ಹೇಳಬೇಕು. ಕುಶಾಲನಗರದಲ್ಲಿ ಸಣ್ಣದೊಂದು ಮುದ್ರಣಾಲಯ ನನ್ನದು. ಮದುವೆ, ಗೃಹಪ್ರವೇಶ, ಚುನಾವಣೆಯ ಕರಪತ್ರ ಎಲ್ಲವನ್ನೂ ಮಾಡಿದ್ದೇನೆ. ಆದರೆ ಸುತ್ತಲಿನ ಊರುಗಳಲ್ಲಿ ನನಗೆ ಹೆಸರು ಬಂದಿರುವುದು ತಿಥಿ ಕಾರ್ಡಿನಿಂದ. ನಾಮದವರಿಗೆ ವೈಕುಂಠ ಸಮಾರಾಧನೆ, ವಿಭೂತಿಯವರಿಗೆ ಶಿವಗಣಾರಾಧನೆ, ಯಾವುದೂ ಬೇಡವೆನ್ನುವವರಿಗೆ ಉತ್ತರಕ್ರಿಯೆ. ಇದೊಂದು ಅದಲುಬದಲಾದರೆ ಸತ್ತವರ ಮನೆಯವರು ನನ್ನನ್ನೇ ಸಾಯಿಸುತ್ತಾರೆ. ಕಾರ್ಡಿನ ಕೊನೆಗೆ ಮಾತ್ರ ಎಲ್ಲರಿಗೂ ಒಂದೇ ಸಾಲು: "ಅನಾರೋಗ್ಯದ ಸಮಯದಲ್ಲಿ ಉತ್ತಮ ಚಿಕಿತ್ಸೆ ನೀಡಿದ ವೈದ್ಯರಿಗೂ ಸಿಬ್ಬಂದಿಗೂ, ದುಃಖದಲ್ಲಿ ಭಾಗಿಯಾದ ಬಂಧುಮಿತ್ರರಿಗೂ ನಮ್ಮ ಕುಟುಂಬದ ಹೃತ್ಪೂರ್ವಕ ಕೃತಜ್ಞತೆಗಳು." ಅಚ್ಚಿನ ಮೊಳೆ ಜೋಡಿಸುವ ಕಾಲದಲ್ಲಿ ಈ ಸಾಲನ್ನು ಬಿಚ್ಚುತ್ತಲೇ ಇರಲಿಲ್ಲ; ದಾರ ಸುತ್ತಿ ಮೂಲೆಯಲ್ಲಿ ಎತ್ತಿಡುತ್ತಿದ್ದೆ, ಯಾರಾದರೂ ಸತ್ತರೆ ತಂದು ಕೂರಿಸುತ್ತಿದ್ದೆ. ಕಂಪ್ಯೂಟರ್ ಬಂದಮೇಲೆ ಅದೂ ಬೇಡ, ತಾನಾಗಿಯೇ ಬಂದು ಕೂರುತ್ತದೆ. ಮರದಿಂದ ಬಿದ್ದು ಸ್ಥಳದಲ್ಲೇ ಹೋದವರ ಕಾರ್ಡಿನಲ್ಲೂ ವೈದ್ಯರಿಗೆ ಕೃತಜ್ಞತೆ ಹೇಳಿಸಿದ ಮಹಾನುಭಾವ ನಾನು.

ಅಕ್ಕ ಇದನ್ನು ಕಂಡುಹಿಡಿದು ನಗುತ್ತಿದ್ದಳು. ಕೂಡಿಗೆ ಕಡೆ ಅವಳ ಮನೆ, ಅರ್ಧ ಎಕರೆ ಶುಂಠಿ, ಉಳಿದದ್ದು ಗದ್ದೆ. ಭಾವ ಬೇಗ ತೀರಿಕೊಂಡಿದ್ದರು; ಮಗಳು ಶೋಭಾಳನ್ನು ಒಬ್ಬಳೇ ಓದಿಸಿ ಟೀಚರ್ ಮಾಡಿದಳು. ಸಂತೆಯ ದಿನ ಚೀಲ ತುಂಬಿಕೊಂಡು ನನ್ನ ಪ್ರೆಸ್ಸಿಗೆ ಬಂದು, ಕಾಗದದ ರೀಮುಗಳ ಮೇಲೆ ಆರಾಮಾಗಿ ಕೂತು, ಕಡ್ಲೆಪುರಿ ತಿನ್ನುತ್ತಾ ಒಣಗಲು ಹರಡಿದ ಕಾರ್ಡುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದುತ್ತಿದ್ದಳು. ನಾಲ್ಕನೇ ಕ್ಲಾಸು ಓದಿದವಳು ನಾನು ಬಿಟ್ಟ ಕಾಗುಣಿತ ಹಿಡಿಯುತ್ತಿದ್ದಳು. "ಏನ್ಲಾ, ಇವನು ಬದುಕಿದ್ದಾಗ ಊರೆಲ್ಲಾ ಕಿತ್ತಾಡ್ಕೊಂಡಿದ್ದ, ಸ್ನೇಹಜೀವಿ ಅಂತ ಹಾಕಿದ್ದೀಯಲ್ಲ!" ಎಂದು ಬಾಯಿತುಂಬ ನಗುವಳು. ಅಮ್ಮ ಹೋದಾಗ ನನಗೆ ಏಳು ವರ್ಷ. ಅಂದಿನಿಂದ ನನ್ನ ತಲೆಗೆ ಎಣ್ಣೆ ಹಚ್ಚಿದ್ದು, ಬೆನ್ನಿಗೆ ಬಾರಿಸಿದ್ದು, ಈ ಪ್ರೆಸ್ಸಿಗೆಂದು ತನ್ನ ಬಳೆ ಬಿಚ್ಚಿಕೊಟ್ಟದ್ದು ಎಲ್ಲಾ ಅವಳೇ. ಈಗಲೂ ಸಂತೆಯ ದಿನ ಹನ್ನೊಂದು ಗಂಟೆಯಾದರೆ ನನ್ನ ಕಣ್ಣು ಬಾಗಿಲ ಕಡೆ ಹೋಗುತ್ತದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಅರವತ್ತು ದಾಟಿದ ಗಂಡಸು ನಾನು, ಅಕ್ಕ ಬೇಕು ಅನ್ನಿಸುತ್ತದೆ.

ಅಕ್ಕನಿಗೆ ಪೆನ್ಸಿಲಿನ್ ಆಗುತ್ತಿರಲಿಲ್ಲ. ವಯಸ್ಸಿನಲ್ಲಿದ್ದಾಗ ಯಾರೋ ಕಾಂಪೌಂಡರ್ ಆ ಸೂಜಿ ಹಾಕಿ, ಮುಖವೆಲ್ಲ ಊದಿ, ಉಸಿರು ಕಟ್ಟಿ, ಸತ್ತು ಬದುಕಿದ್ದಳು. ಅವತ್ತಿನಿಂದ ಡಾಕ್ಟರರ ಮುಂದೆ ಕೂತೊಡನೆ ಮೊದಲು ಇದನ್ನೇ ಹೇಳುವಳು. ಬಾಯಲ್ಲಿ ಹೇಳಿದ್ದು ಸಾಲದೆಂದು ಒಂದು ಸಂತೆಯ ದಿನ ನನ್ನಿಂದ ವಿಸಿಟಿಂಗ್ ಕಾರ್ಡ್ ಮಾಡಿಸಿದಳು. ಮೇಲೆ ಅವಳ ಹೆಸರು, ಕೆಳಗೆ ಕೆಂಪಿನಲ್ಲಿ "ನನಗೆ ಪೆನ್ಸಿಲಿನ್ ಆಗುವುದಿಲ್ಲ". ನೂರು ಕಾರ್ಡು! ರಾಜಕಾರಣಿಯ ಹಾಗೆ ಸೊಂಟದ ಚೀಲದಿಂದ ತೆಗೆದು ಹಂಚುತ್ತಿದ್ದಳು. ದನದ ಡಾಕ್ಟರರಿಗೂ ಒಂದು ಕೊಟ್ಟಿದ್ದಾಳೆ.

ಶುಂಠಿ ಕೀಳುವಾಗ ಗುದ್ದಲಿ ತಾಗಿ ಅವಳ ಕಾಲಿಗೆ ಗಾಯವಾಯಿತು. ಅರಿಶಿನ ಮೆತ್ತಿಕೊಂಡು ನಾಲ್ಕು ದಿನ ಓಡಾಡಿದಳು, ಕೀವು ತುಂಬಿತು. ನನಗೆ ಪರಿಚಯದ ನರ್ಸಿಂಗ್ ಹೋಮಿಗೆ ನಾನೇ ಕರೆದುಕೊಂಡು ಹೋಗಿ ಸೇರಿಸಿದೆ. ಹೆಸರು ಬೇಡ. ಪರಿಚಯ ಅಂದರೆ, ಅವರ ಓಪಿಡಿ ಚೀಟಿ, ಕೇಸ್ ಶೀಟು ಎಲ್ಲಾ ನನ್ನ ಪ್ರೆಸ್ಸಿನಲ್ಲೇ ಅಚ್ಚಾಗುತ್ತಿತ್ತು. ಸೇರಿಸುವಾಗ ಅಕ್ಕ ಕೌಂಟರಿನಲ್ಲಿ ತನ್ನ ಕಾರ್ಡ್ ಕೊಟ್ಟಳು, ಅಲ್ಲಿದ್ದ ಹುಡುಗಿ ಅದನ್ನು ಕೇಸ್ ಶೀಟಿಗೆ ಪಿನ್ ಮಾಡಿದಳು. ಇದು ನಾನು ಕಣ್ಣಾರೆ ಕಂಡದ್ದು.

ಮಾರನೇ ದಿನ ಮಧ್ಯಾಹ್ನ ಊಟ ಮುಗಿಸಿ ಮಾತಾಡುತ್ತಾ ಕೂತಿದ್ದೆವು. ನರ್ಸ್ ಟ್ರೇ ಹಿಡಿದು ಬಂದಳು. ಅದು ಯಾವ ಸೂಜಿಯೆಂದು ಕೇಳು ಎಂದು ಅಕ್ಕ ನನಗೆ ಹೇಳಿದಳು. ನಾನು ಕೇಳಲಿಲ್ಲ. ನನ್ನ ಗಿರಾಕಿಗಳು, ದಿನಾ ಮುಖ ನೋಡುವವರು, ಅವರ ಕೆಲಸವನ್ನು ನಾನು ಪ್ರಶ್ನಿಸುವುದೇ ಎಂಬ ಸಂಕೋಚ. "ಅವರಿಗೆ ಗೊತ್ತಿರ್ತದೆ ಬಿಡಕ್ಕ" ಅಂದುಬಿಟ್ಟೆ. ಸೂಜಿ ಹಾಕಿ ನರ್ಸ್ ಬಾಗಿಲು ದಾಟಿರಲಿಲ್ಲ, ಅಕ್ಕ ಕುತ್ತಿಗೆ ಹಿಡಿದುಕೊಂಡಳು. ಆಮೇಲಿನದನ್ನು ಬರೆಯಲಾರೆ. ಅರ್ಧ ಗಂಟೆಯೊಳಗೆ ಡಾಕ್ಟರು ಹೊರಗೆ ಬಂದು ಹಾರ್ಟ್ ಅಟ್ಯಾಕ್ ಅಂದರು.

ನಾವು ನಂಬಿದೆವು. ಸಾವಿನ ಮನೆಯಲ್ಲಿ ಯಾರಿಗೆ ಬುದ್ಧಿ ನೆಟ್ಟಗಿರುತ್ತದೆ, ನೀವೇ ಹೇಳಿ. ಪೋಸ್ಟ್ ಮಾರ್ಟಮ್ ಎಂದು ಯಾರೋ ಅಂದಾಗ, "ಕುಯ್ಸೋದು ಬ್ಯಾಡ, ಹೊತ್ತು ಮುಳುಗೋದ್ರೊಳಗೆ ಮಣ್ಣು ಮಾಡೋಣ" ಎಂದು ಹಿರಿಯರು ಹೇಳಿದರು, ನಾನೂ ತಲೆಯಾಡಿಸಿದೆ. ಹನ್ನೊಂದನೇ ದಿನದ ಕಾರ್ಡಿಗೆ ಹೆಸರು, ತಾರೀಕು, ಫೋಟೋ ಹಾಕಿದೆ. ಕೊನೆಯ ಸಾಲು ತಾನಾಗಿಯೇ ಬಂದು ಕೂತಿತು. ಒಂದು ಕಾರ್ಡನ್ನು ನರ್ಸಿಂಗ್ ಹೋಮಿಗೂ ಕೊಟ್ಟುಬಂದೆ. ಡಾಕ್ಟರು ತಿಥಿ ಊಟಕ್ಕೂ ಬಂದಿದ್ದರು.

ಗುಟ್ಟು ಬಿಚ್ಚಿದವಳು ಶೋಭಾ. ಅವಳು ವಿರಾಜಪೇಟೆಯ ಹತ್ತಿರ ಶಾಲೆಯಲ್ಲಿದ್ದಳು. ಸುದ್ದಿ ತಿಳಿದು ಬಸ್ ಹಿಡಿದು ಬರುವಷ್ಟರಲ್ಲಿ ಎಲ್ಲಾ ಮುಗಿದಿತ್ತು. ತಿಥಿ ಮುಗಿದು ನೆಂಟರು ಹೊರಟ ಮೇಲೆ ಅಮ್ಮನ ಚೀಲ ಸರಿಮಾಡುವಾಗ ಅವಳಿಗೆ ಔಷಧಿಯ ಬಿಲ್ಲು ಸಿಕ್ಕಿತು. ಅದರಲ್ಲಿದ್ದ ಸೂಜಿಯ ಹೆಸರನ್ನು ಒಂದು ಮೆಡಿಕಲ್ ಶಾಪಿನಲ್ಲಿ ತೋರಿಸಿದಳು. ಪೆನ್ಸಿಲಿನ್ ಜಾತಿಯದ್ದೇ ಎಂದರು. ಅವಳು ನನಗೆ ಫೋನು ಮಾಡಿ ಅಳಲಿಲ್ಲ, ಕೂಗಲಿಲ್ಲ. "ಮಾವ, ನಾಳೆ ಮಡಿಕೇರಿಗೆ ಹೋಗೋಣ, ಲಾಯರ್ ಹತ್ರ" ಅಂದಳು.

ಮಡಿಕೇರಿಯ ಲಾಯರಮ್ಮ ಕೊಡವತಿ, ಮಾತು ಖಡಕ್ಕು. "ಕೇಸ್ ಶೀಟ್ ಎಲ್ಲುಂಟು?" ಎಂದರು. ಕೇಳಿದ್ದೆವು, ನಾಳೆ ಬನ್ನಿ ಎನ್ನುತ್ತಿದ್ದಾರೆ ಎಂದೆವು. "ಬಾಯಲ್ಲಿ ಕೇಳಿದ್ರೆ ನಾಳೆಯೇ ಆಗೋದು. ಬರೆದು ಕೇಳಿ. ಮೂರು ದಿನದಲ್ಲಿ ಕಾಪಿ ಕೊಡ್ಲೇಬೇಕು, ಅದು ರೂಲು" ಎಂದು ಅಲ್ಲೇ ಅರ್ಜಿ ಬರೆಸಿದರು. ಆಮೇಲೆ ಕಾಫಿ ತರಿಸಿ, ನಮಗೆ ಯಾವ ಯಾವ ದಾರಿ ಇದೆಯೆಂದು ಹೇಳಿದರು. ಪೊಲೀಸಿಗೆ ದೂರು ಕೊಡಬಹುದು, ಆದರೆ ಅವರು ಇನ್ನೊಬ್ಬ ಡಾಕ್ಟರರ ಅಭಿಪ್ರಾಯ ಕೇಳದೆ ಮುಂದೆ ಹೋಗುವುದಿಲ್ಲ, ಪೋಸ್ಟ್ ಮಾರ್ಟಮ್ ಬೇರೆ ಮಾಡಿಸಿಲ್ಲ. ಇಷ್ಟು ಹೇಳಿ ನನ್ನ ಮುಖ ನೋಡಿದರು, ನಾನು ಕಾಫಿ ಲೋಟ ನೋಡಿದೆ. ಮೆಡಿಕಲ್ ಕೌನ್ಸಿಲ್ಲಿಗೆ ಬರೆದರೆ ಡಾಕ್ಟರರ ನೋಂದಣಿಯ ವಿಚಾರಣೆಯಾಗುತ್ತದೆ. ನರ್ಸಿಂಗ್ ಹೋಮಿನ ಲೈಸೆನ್ಸಿನ ಪ್ರಶ್ನೆ ಜಿಲ್ಲಾಧಿಕಾರಿಗಳ ಸಮಿತಿಗೆ ಬಿಟ್ಟದ್ದು. "ಗ್ರಾಹಕರ ಆಯೋಗಕ್ಕಂತೂ ಹೋಗಿಯೇ ಹೋಗ್ತೇವೆ. ಎರಡು ವರ್ಷದ ಒಳಗೆ ಹಾಕಬೇಕು, ಮಗಳೇ ಹಾಕಬಹುದು" ಎಂದರು. ಅಕ್ಕ ಗ್ರಾಹಕಿಯೇ ಎಂದು ನನಗೆ ಒಂದು ಕ್ಷಣ ಕಸಿವಿಸಿಯಾಯಿತು. ಆಮೇಲೆ, ಒಂದು ಕಟ್ಟು ಸೊಪ್ಪಿಗೆ ಮೂರು ಸಲ ಸಂತೆ ಸುತ್ತುವವಳು ಅವಳಲ್ಲದೆ ಇನ್ನು ಯಾರು ಗ್ರಾಹಕರು ಅನ್ನಿಸಿತು.

ಕೇಸ್ ಶೀಟಿನ ಕಾಪಿ ಬಂತು. ಮೊದಲ ಪುಟದಲ್ಲೇ ಅಕ್ಕನ ಕಾರ್ಡು ಸ್ವಲ್ಪ ಸೊಟ್ಟಗೆ ಜೆರಾಕ್ಸ್ ಆಗಿತ್ತು. ಅದರ ಕೆಳಗೆ, ಆಗದ ಔಷಧಿಗಳ ಹೆಸರು ಬರೆಯಲೆಂದು ನಾನೇ ಅಚ್ಚು ಹಾಕಿಕೊಟ್ಟಿದ್ದ ಜಾಗ ಖಾಲಿ ಇತ್ತು. ಲಾಯರಮ್ಮ ನೋಟಿಸ್ ಕಳಿಸಿದರು. ನರ್ಸಿಂಗ್ ಹೋಮಿನವರ ಲಾಯರರಿಂದ ಉತ್ತರ ಬಂತು, ಜೊತೆಗೊಂದು ಕಾಗದ: ನನ್ನ ತಿಥಿ ಕಾರ್ಡು. ಕೊನೆಯ ಸಾಲಿನ ಕೆಳಗೆ ಹಸಿರು ಇಂಕಿನ ಗೆರೆ. ಉತ್ತರದಲ್ಲಿ ಹೀಗಿತ್ತು: "ಕುಟುಂಬದವರೇ ಉತ್ತಮ ಚಿಕಿತ್ಸೆ ಎಂದು ಒಪ್ಪಿ ಕೃತಜ್ಞತೆ ಸಲ್ಲಿಸಿರುತ್ತಾರೆ." ಲಾಯರಮ್ಮ ಕಾರ್ಡು ಓದಿ, "ಈ ಸಾಲು ಬರೆದ ಪುಣ್ಯಾತ್ಮ ಯಾರು?" ಎಂದರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಶೋಭಾ ಮಾತ್ರ ಆ ಕಾರ್ಡನ್ನು ತೆಗೆದು ಫೈಲಿಗೆ ಸೇರಿಸಿದಳು. ಬೈದಿದ್ದರೆ ವಾಸಿಯಿತ್ತು.

"ಇದು ದೊಡ್ಡದಲ್ಲ, ತಿಥಿ ಕಾರ್ಡಿನ ಶಾಸ್ತ್ರ ಆಯೋಗದವರಿಗೂ ಗೊತ್ತುಂಟು" ಎಂದು ಲಾಯರಮ್ಮನೇ ಸಮಾಧಾನ ಹೇಳಿದರು. ಆದರೆ ಸೂಜಿ ಹಾಕುವಾಗ ಆ ಕೋಣೆಯಲ್ಲಿದ್ದ ನಮ್ಮ ಕಡೆಯವನು ನಾನೊಬ್ಬನೇ. ನಡೆದದ್ದೆಲ್ಲ ನನ್ನ ಪ್ರಮಾಣಪತ್ರದಲ್ಲಿ ಬರಬೇಕಿತ್ತು. ಶೋಭಾ ಇಲ್ಲದ ದಿನ ನೋಡಿಕೊಂಡು ಹೋಗಿ, ಅಕ್ಕ ಹೇಳಿದ್ದು, ನಾನು ಕೇಳದೆ ಬಿಟ್ಟದ್ದು ಎರಡನ್ನೂ ಲಾಯರಮ್ಮನಿಗೆ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು. "ಆಗ ನರ್ಸ್ ಎಲ್ಲಿದ್ಲು?" ಮಂಚದ ಪಕ್ಕದಲ್ಲೇ. "ಹಾಗಾದ್ರೆ ರೋಗಿ ಕೇಳಿದ್ದು ಅವಳ ಕಿವಿಗೂ ಬಿದ್ದಿರಬೇಕು. ಇದು ಮುಖ್ಯ. ಹಾಕ್ಲೇಬೇಕು. ನಿಮ್ಮ ತಪ್ಪು ಅಂತ ಕಾನೂನು ಹೇಳೋದಿಲ್ಲ, ನೋಡಿ ಹಾಕೋದು ಅವರ ಕೆಲಸ." ಕಾನೂನು ಹೇಳದಿದ್ದರೇನು, ಶೋಭಾ ಹೇಳಿದರೆ? ಅಕ್ಕ ಹೋದಮೇಲೆ ನನಗೆ ಉಳಿದಿರುವ ಹೆಣ್ಣುಜೀವ ಅವಳೊಬ್ಬಳೇ. ಅವಳೂ ಮುಖ ತಿರುಗಿಸಿದರೆ ಎಂಬ ಭಯಕ್ಕೆ ಒಂದು ವರ್ಷ ನೆಪ ಹೇಳಿ ತಳ್ಳಿದೆ. ಪ್ರೆಸ್ಸಿನಲ್ಲಿ ಕೆಲಸ ಜಾಸ್ತಿ ಎಂದೆ, ಬಿಪಿ ಎಂದೆ. ಮುಂದಿನ ತಿಂಗಳಿಗೆ ಆಯೋಗದ ಎರಡು ವರ್ಷದ ಗಡುವು ಮುಗಿಯುತ್ತದೆ.

ಕಳೆದ ವಾರ ನೆಪಗಳೂ ಮುಗಿದವು, ಪ್ರಮಾಣಪತ್ರದ ಕರಡು ಬಂತು. ಇವತ್ತು ಶಾಲೆಗೆ ರಜೆ ಹಾಕಿ ಶೋಭಾ ಮಧ್ಯಾಹ್ನ ಪ್ರೆಸ್ಸಿಗೆ ಬಂದಳು. ಅವಳಿಗೆ ಸ್ಟೂಲ್ ಕೊಟ್ಟು, ಪ್ರಮಾಣಪತ್ರವನ್ನು ಕೈಗಿಟ್ಟು, ನಾನು ಕಟಿಂಗ್ ಮೆಷಿನ್ನಿನ ಹತ್ತಿರ ಬೆನ್ನು ಹಾಕಿ ನಿಂತೆ. ಪುಟ ಮಗುಚುವ ಸದ್ದು ಒಂದು, ಎರಡು. ಆಮೇಲೆ ಸದ್ದಿಲ್ಲ.

"ಮಾವ."

ತಿರುಗಿದೆ. ಅವಳ ಬೆರಳು ಒಂದು ಸಾಲಿನ ಮೇಲಿತ್ತು. "ಸದರಿ ಚುಚ್ಚುಮದ್ದು ಯಾವುದೆಂದು ವಿಚಾರಿಸುವಂತೆ ಮೃತರು ನನಗೆ ತಿಳಿಸಿದ್ದು, ನಾನು ವಿಚಾರಿಸಿರುವುದಿಲ್ಲ."

"ಅಮ್ಮ ಕೇಳು ಅಂದಿದ್ಲಾ?"

"ಅಂದಿದ್ಲು ಕಣಮ್ಮ."

"ನೀನು ಕೇಳ್ಲಿಲ್ಲ."

"ಇಲ್ಲ."

ಪ್ರಮಾಣಪತ್ರವನ್ನು ಮಡಿಲಲ್ಲಿ ಇಟ್ಟುಕೊಂಡಳು. ಹೊರಗೆ ಬಸ್ಸಿನವನೊಬ್ಬ ಮಡಿಕೇರಿ ಮಡಿಕೇರಿ ಎಂದು ಕೂಗುತ್ತಿದ್ದ. ಎದ್ದು ಹೋಗುತ್ತಾಳೆ, ಇನ್ನು ಬರುವುದಿಲ್ಲ ಎಂದುಕೊಂಡೆ.

"ಇಲ್ಲಿ ಬರ್ದಿರೋ ಥರ ಬ್ಯಾಡ. ಅಮ್ಮ ಹೆಂಗಂದ್ಲೋ ಹಂಗೇ ಹೇಳು."

ಎರಡು ವರ್ಷದಿಂದ ನನ್ನ ಕಿವಿಯಲ್ಲೇ ಇದ್ದ ಮಾತು. ಅಕ್ಕನ ರಾಗದಲ್ಲೇ ಹೇಳಿದೆ: "ಲೋ, ಅದ್ಯಾವ ಸೂಜಿ ಅಂತ ಒಂದ್ಮಾತು ಕೇಳ್ಲಾ. ಒಳ್ಳೆ ಹೆಣ್ಣು ನೋಡಕ್ಕೆ ಬಂದೋನಂಗೆ ನಾಚ್ಕೊಂಡು ನಿಂತವ್ನೆ, ನೋಡು!"

ಶೋಭಾ ಬಾಯಿಗೆ ಸೆರಗು ಒತ್ತಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಎರಡೂ ಇರಬೇಕು. ಅಮ್ಮ ಕೊನೆಗೆ ಏನಂದಳೆಂದು ಅವಳಿಗೆ ಇಷ್ಟು ದಿನ ಯಾರೂ ಹೇಳಿರಲಿಲ್ಲ. ನಾನು ಹೇಳಿರಲಿಲ್ಲ.

"ನಿಂಗೆ ಬಯ್ಯೋದು ಐತೆ ಮಾವ. ಬಯ್ತೀನಿ, ಬಿಡಲ್ಲ" ಎಂದಳು. "ಈಗ ಇನ್ನೊಂದ್ಸಲ ಹೇಳು."

ಹೇಳಹೊರಟೆ, ಅಕ್ಕನ ದನಿ ಬರಲಿಲ್ಲ. ಶೋಭಾ ಕಣ್ಣು ಮುಚ್ಚಿಕೊಂಡು ಕಾದಳು. ನೀರು ಕುಡಿದು ಬಂದು ಮತ್ತೆ ಹೇಳಿದೆ.