ಕಡಿದ ಪೈಪಿನಲ್ಲಿ ಬಂದ ನೀರು

ನಾನು ಆಲೂರಿನಲ್ಲಿ ಪೈಪು, ನಲ್ಲಿ, ಸಿಮೆಂಟು ಮಾರುವವನು. ಜೊತೆಗೆ ನೀರಿನ ಲೈನು ಹಾಕುವ ಸಣ್ಣಪುಟ್ಟ ಗುತ್ತಿಗೆ ಕೆಲಸ. ನೀರು ಎತ್ತರದಿಂದ ತಗ್ಗಿಗೆ ಹರಿಯುತ್ತದೆ, ಜಾಯಿಂಟು ಸರಿಯಿಲ್ಲದಿದ್ದರೆ ಸೋರುತ್ತದೆ, ಪೈಪು ತುಂಡಾದರೆ ನಿಂತುಹೋಗುತ್ತದೆ. ಇದರಾಚೆಗೆ ನಾನು ಹೆಚ್ಚೇನನ್ನೂ ನಂಬುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಶಿವಪೂಜೆ ತಪ್ಪುವುದಿಲ್ಲ, ನಾನೂ ಕೈ ಮುಗಿಯುತ್ತೇನೆ, ಅದು ಬೇರೆ. ಆದರೆ ಯಾರಾದರೂ ಅಲ್ಲಿ ಏನೋ ಕಂಡಿತು, ಇಲ್ಲಿ ಯಾರೋ ಕರೆದರು ಎಂದು ಶುರು ಮಾಡಿದರೆ ನನಗೆ ಮೈ ಉರಿಯುತ್ತಿತ್ತು. ನನ್ನ ಭಾವಮೈದುನ ಒಮ್ಮೆ ಆನೇಮಹಲ್ ಹತ್ತಿರ ಬಿಳಿ ಸೀರೆಯ ಹೆಂಗಸೊಬ್ಬಳು ಬೈಕಿಗೆ ಕೈ ಅಡ್ಡ ಹಿಡಿದಳೆಂದು ನಡುಗುತ್ತ ಬಂದಾಗ, "ಪಾಪ, ಲಾಸ್ಟ್ ಬಸ್ ತಪ್ಪೋಗಿರ್ಬೇಕು ಕಣೋ, ಕೂರಿಸ್ಕಂಡ್ ಬರೋದಲ್ವಾ" ಎಂದು ಎಲ್ಲರೆದುರು ಆಡಿಕೊಂಡಿದ್ದೆ. ಅವನು ಅದನ್ನು ಇವತ್ತಿಗೂ ಮರೆತಿಲ್ಲ. ಹಾಗಾಗಿ ಇದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ.

ಪಾಳ್ಯ ದಾಟಿ ಸಕಲೇಶಪುರದ ಕಡೆ ಹೋಗುವಾಗ ಹೆದ್ದಾರಿ ಬಿಟ್ಟು ಒಳಕ್ಕೆ ತಿರುಗಿದರೆ ಒಂದು ಗುಡ್ಡ ಸಿಗುತ್ತದೆ. ಜನ ಅದನ್ನು ಕ್ಯಾಂಪ್ ಗುಡ್ಡ ಎನ್ನುತ್ತಾರೆ. ಮಹಾಯುದ್ಧದ ಕಾಲದಲ್ಲಿ ಅಲ್ಲಿ ಮಿಲಿಟರಿಯವರಿದ್ದರಂತೆ. ಅವರು ಹೋದ ಮೇಲೆ ಬ್ಯಾರಕ್ಕುಗಳು ಬಹಳ ಕಾಲ ಪಾಳುಬಿದ್ದಿದ್ದವು. ಆಮೇಲೆ ಲಾರಿ ಡ್ರೈವರುಗಳು, ಸಣ್ಣ ವ್ಯಾಪಾರದವರು, ಎಸ್ಟೇಟಿನ ಕೂಲಿಮನೆ ಬಿಟ್ಟು ಬಂದವರು ಒಬ್ಬೊಬ್ಬರಾಗಿ ಸೇರಿಕೊಂಡರು. ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಅದನ್ನು ಸರಿಯಾದ ಕಾಲೋನಿ ಮಾಡುವ ಯೋಜನೆ ಬಂತು. ಹೊಸ ಮನೆಗಳು, ಶಾಲೆ, ದಾರಿದೀಪ ಎಲ್ಲ ಆಯಿತು. ನೀರಿನ ಕೆಲಸ ನನ್ನ ಪಾಲಿಗೆ ಬಂತು.

ಮಿಲಿಟರಿಯವರು ಹಾಕಿದ್ದ ಹಳೆಯ ಲೈನನ್ನು ಮೊದಲ ಸಲ ನೋಡಿದಾಗ ನನ್ನ ಬಾಯಿಂದ ತಾನಾಗಿಯೇ ಶಹಬ್ಬಾಸ್ ಎಂದು ಬಂತು. ಎದುರು ಗುಡ್ಡದ ನೆತ್ತಿಯಲ್ಲಿ ಒಂದು ಒರತೆ. ಅದಕ್ಕೆ ಕಲ್ಲಿನ ತೊಟ್ಟಿ ಕಟ್ಟಿ, ಅಲ್ಲಿಂದ ಬೀಡುಕಬ್ಬಿಣದ ಪೈಪನ್ನು ಕಣಿವೆಗೆ ಇಳಿಸಿ, ಮತ್ತೆ ಈಚೆ ಗುಡ್ಡಕ್ಕೆ ಹತ್ತಿಸಿದ್ದರು. ಮೋಟಾರಿಲ್ಲ, ಕರೆಂಟಿಲ್ಲ. ಒರತೆ ಕ್ಯಾಂಪಿಗಿಂತ ಎತ್ತರದಲ್ಲಿದ್ದುದರಿಂದ ನೀರು ತನ್ನಷ್ಟಕ್ಕೆ ಇಳಿದು ತನ್ನಷ್ಟಕ್ಕೆ ಹತ್ತಿ ಬರುತ್ತಿತ್ತು. ಜಾಯಿಂಟಿಗೆಲ್ಲ ಸೀಸ ಕಾಯಿಸಿ ಹೊಯ್ದಿದ್ದರು. ಇಂಥ ಕೆಲಸ ಮಾಡಿದವರ ಕೈಗೆ ಬಂಗಾರದ ಬಳೆ ತೊಡಿಸಬೇಕು ಎಂದು ನಾನು ಕೂಲಿಯವರನ್ನೆಲ್ಲ ಕರೆದು ಕರೆದು ತೋರಿಸಿದೆ. ಆದರೆ ಎಷ್ಟೇ ಗಟ್ಟಿಯಾದರೂ ಕಬ್ಬಿಣ ಕಬ್ಬಿಣವೇ. ಒಳಗೆಲ್ಲ ತುಕ್ಕು ಹಿಡಿದು ನಲ್ಲಿಯಲ್ಲಿ ಬರುವ ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ತೆಗೆಯದೆ ವಿಧಿಯಿರಲಿಲ್ಲ.

ಆ ಪೈಪಿನೊಂದಿಗೆ ಕ್ಯಾಂಪಿನವರು ಒಂದು ಪದ್ಧತಿ ಇಟ್ಟುಕೊಂಡಿದ್ದರು. ವಾಲ್ವು ಇದ್ದದ್ದು ಎದುರು ಗುಡ್ಡದ ತೊಟ್ಟಿಯ ಬುಡದಲ್ಲಿ, ಮನೆಗಳು ಈ ಗುಡ್ಡದಲ್ಲಿ. ಕೂಗಿದರೆ ಕೇಳುವ ದೂರವಲ್ಲ. ಅದಕ್ಕೆ ನೀರು ಬೇಕಾದಾಗ ನಲ್ಲಿಯ ಪೈಪಿಗೆ ಕಲ್ಲಿನಿಂದ ಮೂರು ಏಟು ಹಾಕುತ್ತಿದ್ದರು. ಕಬ್ಬಿಣದಲ್ಲಿ ಸದ್ದು ಕಣಿವೆ ದಾಟಿ ಹೋಗುತ್ತಿತ್ತು. ಆಚೆ ವಾಲ್ವ್‌ಮನ್ ನಿಂಗಯ್ಯ ನೀರು ಬಿಡುತ್ತಿದ್ದ. ಎಲ್ಲರೂ ತುಂಬಿಕೊಂಡಾದ ಮೇಲೆ ಮತ್ತೆ ಮೂರು ಏಟು ಬಿದ್ದರೆ ನಿಲ್ಲಿಸಿ, ಆಯ್ತು ಎನ್ನುವಂತೆ ತಾನು ಎರಡು ಏಟು ಹಾಕುತ್ತಿದ್ದ. ಬಡಿಯುವ ಅಧಿಕಾರ ಮೇಲಿನ ಸಾಲಿನ ಕೊನೆಮನೆಯ ಹಲೀಮಾಬಿಯದು. ನೀರು ಕೊನೆಗೆ ತಲುಪುವುದು ಅವಳ ಮನೆಗೆ, ಅವಳ ಕೊಡ ತುಂಬಿತೆಂದರೆ ಎಲ್ಲರದೂ ತುಂಬಿತೆಂದೇ ಲೆಕ್ಕ.

ಹಲೀಮಾಬಿಗೆ ನನ್ನ ಪ್ಲಾಸ್ಟಿಕ್ ಪೈಪು ಸುತಾರಾಂ ಹಿಡಿಸಲಿಲ್ಲ. "ಇದಕ್ಕೆ ಬಡಿದ್ರೆ ಯಾರಿಗ್ ಕೇಳ್ತೈತೆ ಮಾರಾಯ?" ಎಂದು ಬೆರಳಿನಿಂದ ತಟ್ಟಿ ನೋಡಿದಳು.

"ಬಡಿಯೋದೇ ಬೇಡ ಕಣಮ್ಮ, ಕೆಳಗೆ ಬೋರ್‌ವೆಲ್ ಐತೆ. ಸ್ವಿಚ್ ಒತ್ತಿದ್ರೆ ನೀರು" ಎಂದೆ.

ಅವಳ ಗಂಡ ಕಾಫಿ ಲಾರಿ ಓಡಿಸುತ್ತಿದ್ದವನು, ತೀರಿಕೊಂಡು ಬಹಳ ಕಾಲವಾಗಿತ್ತು. ಮಗ ಸೊಸೆಯೂ ಇರಲಿಲ್ಲ. ಮೊಮ್ಮಗಳು ಶಾಹಿದಾಳನ್ನು ಬೀಡಿ ಕಟ್ಟಿ, ಕಾಫಿ ಸ್ಟೋರಿನಲ್ಲಿ ಬೀಜ ಆರಿಸಿ ಸಾಕಿದ್ದಳು. ಆ ಹುಡುಗಿಗೆ ಚಿಕ್ಕಮಗಳೂರು ಕಡೆಯ ಅನುಕೂಲಸ್ಥರ ಮನೆಯಿಂದ ಸಂಬಂಧ ಬಂದಿತ್ತು. ಮದುವೆ ಕಾಲೋನಿಯಲ್ಲೇ, ಮನೆಮುಂದೆ ಚಪ್ಪರ ಹಾಕಿ. "ಮದುವೆ ದಿನ ನಿನ್ನ ಹೊಸ ನಲ್ಲೀಲಿ ನೀರ್ ಬರ್ತೈತಾ, ಸರಿಯಾಗ್ ಹೇಳ್ಬುಡು. ಕೈ ತೊಳಿಯೋಕೆ ನೀರಿಲ್ದ ಮನೆ ಹುಡುಗಿ ಅಂತ ಅವಳನ್ನ ಜೀವ ಇರೋಗಂಟ ಆಡ್ಕಂತಾರೆ" ಎಂದು ಕೇಳಿದಳು. ಬರದಿದ್ದರೆ ಈ ಗುಡ್ಡಕ್ಕೆ ಮತ್ತೆ ಮುಖ ತೋರಿಸುವುದಿಲ್ಲ ಎಂದು ಮಾತು ಕೊಟ್ಟೆ. ಕಾಲೋನಿಯವರೆಲ್ಲ ಕೇಳುವ ಹಾಗೆಯೇ ಕೊಟ್ಟೆ.

ಮದುವೆಯ ವಾರ ಹೊಸ ಮೋಟಾರು ಓಡಿಸಿ ನೋಡಿದೆವು. ಎಲ್ಲ ನಲ್ಲಿಯಲ್ಲೂ ನೀರು ಬಂತು. ಹಳೆಯ ನೀರು ಹೊಸದಕ್ಕೆ ಬೆರೆಯಬಾರದೆಂಬುದು ಯೋಜನೆಯ ಅಧಿಕಾರಿಗಳ ಷರತ್ತು. ಹಾಗಾಗಿ ತೊಟ್ಟಿಯಿಂದ ಪೈಪಿಗೆ ನೀರು ಇಳಿಯುವ ಬಾಯಿಗೆ ಸಿಮೆಂಟು ಹೊಡೆದೆವು. ಕಣಿವೆಯ ತಳದಲ್ಲಿ, ಎಲ್ಲಕ್ಕಿಂತ ತಗ್ಗಿನ ಜಾಗದಲ್ಲಿ ಪೈಪು ಕಡಿದು ಆಳುದ್ದದ ತುಂಡು ತೆಗೆದೆವು. ಎರಡೂ ಕಡೆಯಿಂದ ಉಳಿದಿದ್ದ ನೀರು ಬುಳಬುಳನೆ ಸುರಿದು ನನ್ನ ಪಂಚೆಯೆಲ್ಲ ಒದ್ದೆಯಾಯಿತು. ಲೈನು ಪೂರಾ ಖಾಲಿಯಾಯಿತು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಪೈಪಿನಲ್ಲಿ ನೀರು ಉಳಿದಿರಬೇಕು ಎಂದು ಆಮೇಲೆ ನನಗೆ ಬುದ್ಧಿ ಹೇಳಿದವರು ಬಹಳ ಮಂದಿ.

ಮದುವೆಯ ಹಿಂದಿನ ಸಂಜೆ ವೋಲ್ಟೇಜು ಏರುಪೇರಾಗಿ ಮೋಟಾರು ಸುಟ್ಟುಹೋಯಿತು.

ಹಾಸನದ ಮೆಕ್ಯಾನಿಕ್ಕು ಮರುದಿನ ಸಂಜೆಯೊಳಗೆ ಆಗದು ಎಂದ. ಟ್ಯಾಂಕರ್ ತರಿಸೋಣವೆಂದರೆ ಗುಡ್ಡದ ರಸ್ತೆಯನ್ನು ಉದ್ದಕ್ಕೂ ನಾನೇ ಅಗೆದು ಹಾಕಿದ್ದೆ. ಹಳೆಯ ಲೈನಿಗೆ ಮರಳೋಣವೆಂದರೆ ತೊಟ್ಟಿಯ ಬಾಯಿಯ ಸಿಮೆಂಟು ಆಗಲೇ ಕಲ್ಲಾಗಿತ್ತು. ಆ ಬೇಸಿಗೆ ಕಾಫಿಗೆ ಹೂ ತರುವ ಹೂಮಳೆಯೂ ಸರಿಯಾಗಿ ಬಿದ್ದಿರಲಿಲ್ಲ, ಹಳ್ಳದಲ್ಲಿ ಬರೀ ಕೆಸರು. ಕಾಲೋನಿಯವರು ಯಾರೂ ನನ್ನನ್ನು ಒಂದು ಮಾತು ಬೈಯಲಿಲ್ಲ. ಹೆಂಗಸರು ಗಂಡಸರು ಎನ್ನದೆ ಎಲ್ಲರೂ ಕೊಡ ಹಿಡಿದು ದೂರದ ತೋಟದ ಬಾವಿಗೆ ಹೋದರು. ಅಂಥ ಜನ ಎಲ್ಲಿ ಸಿಗುತ್ತಾರೆ ಹೇಳಿ! ಆದರೆ ಹೊತ್ತು ತಂದದ್ದು ಅಡುಗೆಗೇ ಸಾಲದು. ದಿಬ್ಬಣದವರ ಕೈಕಾಲಿಗೆ, ಕುಡಿಯಲಿಕ್ಕೆ, ಪಾತ್ರೆಗೆ ಏನು ಗತಿ?

ಬೆಳಗಾಯಿತು. ಮಂಜು ಇನ್ನೂ ಗುಡ್ಡ ಬಿಟ್ಟಿರಲಿಲ್ಲ. ನಾನು ಹಲೀಮಾಬಿಯ ಮನೆಮುಂದಿನ ಚಪ್ಪರದಡಿ ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ನನ್ನ ಪಕ್ಕದಲ್ಲಿ ನಿಂಗಯ್ಯ ಈರುಳ್ಳಿ ಸುಲಿಯುತ್ತಿದ್ದ. ಅಡುಗೆಯವನು ಒಳಗಿನಿಂದ "ನೀರ್ ಎಲ್ಲಿ ನೀರು" ಎಂದು ಕೂಗಿದ. ಹಲೀಮಾಬಿ ಗಡಿಬಿಡಿಯಲ್ಲಿ ಹೊರಗೆ ಬಂದವಳು ಮನೆ ಪಕ್ಕದ ಹಳೆಯ ನಲ್ಲಿಯ ಹತ್ತಿರ ಹೋಗಿ, ಕಲ್ಲು ತೆಗೆದುಕೊಂಡು ಮೂರು ಏಟು ಹಾಕಿದಳು. ಇಷ್ಟು ವರ್ಷದ ರೂಢಿ, ಕೈ ತನ್ನ ಪಾಡಿಗೆ ತಾನು ಬಡಿಯಿತು. ನಿಂಗಯ್ಯ ನಕ್ಕುಬಿಟ್ಟ. "ಯಾರ್ ಬಿಡ್ಲಿ ಬೀ, ನಾನಿಲ್ಲೇ ಕುಂತಿವ್ನಿ" ಎಂದ. ಅವಳಿಗೂ ನಾಚಿಕೆಯಾಗಿ ಸೆರಗು ಬಾಯಿಗೆ ಹಿಡಿದಳು.

ಆಗ ನಲ್ಲಿ ಉಸಿರು ಬಿಟ್ಟಿತು. ಪೈಪಿನಲ್ಲಿ ನೀರು ಬರುವ ಮೊದಲು ಗಾಳಿ ಹೊರಡುತ್ತದಲ್ಲ, ಆ ಸದ್ದು. ಅದು ಸ್ವಲ್ಪ ಹೊತ್ತು ನಡೆಯಿತು. ಆಮೇಲೆ ಸಣ್ಣಗೆ ಒಂದು ಎಳೆ, ಆಮೇಲೆ ಬೆರಳಗಾತ್ರ, ಆಮೇಲೆ ತುಂಬು ನೀರು. ಬಣ್ಣವಿಲ್ಲದ, ತಣ್ಣನೆಯ, ಕನ್ನಡಿಯಂಥ ನೀರು. ಆ ನಲ್ಲಿಯಲ್ಲಿ ಅಂಥ ನೀರನ್ನು ಕಾಲೋನಿಯವರು ಯಾವತ್ತೂ ಕಂಡಿರಲಿಲ್ಲ. ಹಲೀಮಾಬಿ ಒಂದು ಕ್ಷಣವೂ ನಿಲ್ಲಲಿಲ್ಲ. "ಹಂಡೆ ತಗಂಬನ್ರೀ, ಬೇಗ" ಎಂದು ಕೂಗಿದಳು. ಅವಳಿಗೆ ಬೇಕಾಗಿದ್ದದ್ದು ನೀರು, ಅದು ಬಂದಿತ್ತು. ನಾನು ನಿಂಗಯ್ಯನ ಮುಖ ನೋಡಿದೆ. ಅವನು ಈರುಳ್ಳಿ ಹಿಡಿದ ತನ್ನ ಕೈ ನೋಡಿಕೊಂಡ.

ನಾನು ಎದ್ದು ಕಣಿವೆಗೆ ಓಡಿದೆ. ಯಾರೋ ರಾತ್ರೋರಾತ್ರಿ ಪೈಪು ಜೋಡಿಸಿರಬೇಕು ಎಂದುಕೊಂಡೇ ಓಡಿದೆ. ಬಿದ್ದೆ, ಎದ್ದೆ. ಕೆಳಗೆ ಹೋಗಿ ನೋಡಿದರೆ ನಾವು ಬಿಟ್ಟ ಹಾಗೆಯೇ ಇತ್ತು. ಎರಡು ಬಾಯಿಗಳು ಎದುರುಬದುರು, ನಡುವೆ ಆಳುದ್ದ ಬಯಲು. ಆ ಬಯಲಲ್ಲಿ ಒಂದು ನಾಯಿ ಸುರುಳಿ ಸುತ್ತಿ ಮಲಗಿತ್ತು. ನೆಲ ಒಣಗಿತ್ತು. ಎರಡೂ ಬಾಯಿಯೊಳಗೆ ಕೈ ಹಾಕಿ ನೋಡಿದೆ, ತುಕ್ಕಿನ ಪುಡಿ ಬಂತು. ಅದೇ ಹೊತ್ತಿಗೆ ಮೇಲಿನಿಂದ ಕೊಡಗಳ ಸದ್ದು, ಹೆಂಗಸರ ನಗು, "ಸಾಕು ಸಾಕು, ಇನ್ನೊಂದ್ ಹಿಡಿ" ಎನ್ನುವ ಕೂಗು ಮಂಜಿನೊಳಗಿಂದ ಕೇಳುತ್ತಿತ್ತು.

ತೋಳು ಚಾಚಿ ಎರಡು ತುದಿಗಳ ಮೇಲೂ ಒಂದೊಂದು ಕೈ ಇಟ್ಟು ಹಾಗೇ ಕೂತೆ. ಎಷ್ಟು ಹೊತ್ತೋ ಗೊತ್ತಿಲ್ಲ. ಆಮೇಲೆ ಕಾಲೋನಿ ಕಡೆಯ ಪೈಪಿನ ಮೇಲಿದ್ದ ನನ್ನ ಬಲಗೈಗೆ ಮೂರು ಏಟು ತಾಗಿದವು. ಹಲೀಮಾಬಿ ಸಾಕೆಂದು ಬಡಿದಿದ್ದಳು. ಮೇಲೆ ಕೊಡಗಳ ಸದ್ದು ನಿಂತಿತು. ಆಮೇಲೆ ಎಡಗೈ ಕೆಳಗೆ, ತೊಟ್ಟಿ ಕಡೆಯಿಂದ ಬರುವ ಆ ಒಣ ಪೈಪಿನಲ್ಲಿ, ಎರಡು ಏಟು. ಜೋರಾಗೇನಲ್ಲ. ಹೇಳಬೇಕಾದ್ದನ್ನು ಹೇಳಿ ಸುಮ್ಮನಾದ ಹಾಗೆ. ನಾಯಿ ತಲೆ ಎತ್ತಿ ಎದುರು ಗುಡ್ಡದ ಕಡೆ ನೋಡಿ, ಬಾಲ ಅಲ್ಲಾಡಿಸಿ ಮತ್ತೆ ಮಲಗಿತು. ನಾನು ಮಾತ್ರ ಎರಡೂ ಕೈ ತಟ್ಟನೆ ಹಿಂದಕ್ಕೆಳೆದುಕೊಂಡೆ, ಸುಳ್ಳೇಕೆ ಹೇಳಲಿ.

ಮದುವೆ ಚೆನ್ನಾಗಿ ಆಯಿತು. ದಿಬ್ಬಣದವರು ಕೈತುಂಬ ನೀರು ಹಾಕಿಕೊಂಡು ಮುಖ ತೊಳೆದರು. ಊಟ ಮಾಡಿದರು, ಇನ್ನೊಂದು ಲೋಟ ಇನ್ನೊಂದು ಲೋಟ ಎಂದು ಕೇಳಿ ಕುಡಿದರು. ಹುಡುಗಿ ಅಳುತ್ತ ಗುಡ್ಡ ಇಳಿದು ಕಾರು ಹತ್ತಿದ ಮೇಲೆ ನಾನು ನಿಂಗಯ್ಯನನ್ನು ಕರೆದುಕೊಂಡು ತೊಟ್ಟಿಗೆ ಹೋದೆ. ಸಿಮೆಂಟು ಸೀಳು ಕೂಡ ಬಿಟ್ಟಿರಲಿಲ್ಲ. ವಾಲ್ವಿನ ಮೇಲೆ ಜೇಡ ಬಲೆ ಕಟ್ಟಿತ್ತು. ಅದನ್ನು ತಿರುಗಿಸುವ ಕೀಲಿ ನಿಂಗಯ್ಯನ ಮನೆಯಲ್ಲೇ ತೂಗುಹಾಕಿತ್ತು.

ನಿಂಗಯ್ಯ ತೊಟ್ಟಿ ಕಟ್ಟೆಯ ಮೇಲೆ ಕೂತುಬಿಟ್ಟ. ಹೆದರಿದ್ದಾನೆ ಎಂದುಕೊಂಡೆ. ಅವನು ಹೆದರಿರಲಿಲ್ಲ. "ಯಾರೋ ಏನೋ, ಒಳ್ಳೆ ಕೈ ಕಣ್ರೀ. ನೋಡುದ್ರಾ, ಗಾಳಿ ಪೂರ್ತಿ ಬುಟ್ಟು ಆಮೇಲೆ ನೀರ್ ಬುಟ್ಟ. ಹಳೇ ಪೈಪು ಅಂತ ಎಷ್ಟ್ ಮೆಲ್ಲಕ್ಕೆ ತಿರುವ್ದ! ನಂಗೂ ಒಂದೊಂದ್ ದಿನ ಅಷ್ಟು ತಾಳ್ಮೆ ಇರ್ತಿರ್ಲಿಲ್ಲ" ಎಂದ. ನಾನೂ ಅದನ್ನು ಗಮನಿಸಿದ್ದೆ. ಎಚ್ಚರವಿಲ್ಲದವನು ಒಮ್ಮೆಗೇ ತಿರುಗಿಸಿದ್ದರೆ ಆ ಲೈನು ಎಲ್ಲೋ ಒಂದು ಕಡೆ ಒಡೆದೇ ಹೋಗುತ್ತಿತ್ತು. ಕೆಲಸ ಬಲ್ಲವನು ಯಾರೋ ಮಾಡಿದ ಕೆಲಸ ಅದು. ಯಾರು ಎನ್ನುವುದು ಬಿಟ್ಟು ಉಳಿದದ್ದೆಲ್ಲ ನಮಗಿಬ್ಬರಿಗೂ ಸ್ಪಷ್ಟವಾಗಿತ್ತು.

ಮುಂದಿನ ತಿಂಗಳು ಹಳೆಯ ಪೈಪನ್ನೆಲ್ಲ ಅಗೆದು ತೆಗೆದೆವು. ಎಷ್ಟೋ ಕಡೆ ಬೇರು ಒಳಗೆ ನುಗ್ಗಿ ಎರಡು ಬೆರಳು ತೂರದ ಹಾಗೆ ತುಂಬಿಕೊಂಡಿತ್ತು. ಗುಜರಿಯವರು ಬಂದು ಲಾರಿಗೆ ಹೇರಿದರು. ಬಲ್ಲ ಎಂಜಿನಿಯರುಗಳನ್ನು ಕೇಳಿದ್ದೇನೆ. ಗಾಳಿಯ ಒತ್ತಡ, ಬೇರೆ ಒರತೆ, ಅದು ಇದು ಎನ್ನುತ್ತಾರೆ. ಪೈಪು ಕಡಿದ ಮಾತಿಗೆ ಬಂದಾಗ ಎಲ್ಲರೂ ಕಾಫಿ ತರಿಸುತ್ತಾರೆ. ಭಾವಮೈದುನನಿಗೆ ಹೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ಕೆಲವು ವರ್ಷಗಳ ಹಿಂದೆ ಸಕಲೇಶಪುರದ ಬಸ್‌ಸ್ಟ್ಯಾಂಡಿನಲ್ಲಿ ಶಾಹಿದಾ ಸಿಕ್ಕಿದಳು. ಜೊತೆಗೆ ಅವಳ ಅತ್ತೆ. ಯಸಳೂರಿನ ನೆಂಟರ ಮನೆಗೆ ಹೊರಟಿದ್ದರು. ನಾನು ಯಾರೆಂದು ಸೊಸೆ ಹೇಳಿದ್ದೇ ತಡ, ಆ ಹಿರಿಯಾಕೆ ಮುಖ ಅರಳಿಸಿ, "ಆ ನೀರು ಕೊಟ್ಟೋರು ನೀವೇನಾ? ಮಾತು ಕೊಟ್ರೆ ಹಂಗ್ ಉಳಿಸ್ಕಬೇಕು ಅಂತ ಹಲೀಮಾಬಿ ಈಗ್ಲೂ ಹೇಳ್ತಾರೆ. ಅಂಥಾ ಸಿಹಿ ನೀರ್ ನಾನ್ ಆಮೇಲೆ ಕುಡಿದೇ ಇಲ್ಲ ಮಾರಾಯ್ರೆ. ದೇವ್ರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ" ಎಂದು ನನ್ನ ಎರಡೂ ಕೈ ಹಿಡಿದುಕೊಂಡಳು.

ನಾನಲ್ಲ ತಾಯಿ ಎನ್ನಲು ಬಾಯಿ ತೆರೆದೆ. ಮತ್ತೆ ಯಾರು ಎಂದರೆ ಏನು ಹೇಳಲಿ? ಬಸ್ಸು ಬಂತು, ಅವರು ಹತ್ತಿ ಹೋದರು. ಆ ಆಶೀರ್ವಾದ ನನ್ನದಲ್ಲ, ನನಗೆ ಗೊತ್ತು. ಅಂದಿನಿಂದ ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಯಾರಿಗೆ ತಲುಪಿಸಬೇಕೆಂದು ಮಾತ್ರ ಇನ್ನೂ ತಿಳಿದಿಲ್ಲ.