ಪರದೆಯ ಹಿಂದಿನ ಹತ್ತು ದಿನ

ಮೂರು ಮಹಡಿಯ ಆ ಕಟ್ಟಡದಲ್ಲಿ ಕೆಳಗಿನ ಮನೆಯವಳನ್ನು ಎಲ್ಲರೂ ಟೈಲರಮ್ಮ ಎಂದೇ ಕರೆಯುತ್ತಿದ್ದರು. ಬಾಗಿಲ ಪಕ್ಕದಲ್ಲೇ ಹೊಲಿಗೆ ಯಂತ್ರ, ಕುತ್ತಿಗೆಗೆ ಸದಾ ಜೋತುಬಿದ್ದ ಅಳತೆ ಟೇಪು. ಮಕ್ಕಳ ಬಟ್ಟೆಗೆ ಒಳಗೆ ಒಂದಿಂಚು ಹೆಚ್ಚು ಬಿಟ್ಟು ಹೊಲಿಯುವುದರಲ್ಲಿ ಆಕೆ ಎತ್ತಿದ ಕೈ. ಮಗು ಬೆಳೆದರೆ ಹೊಲಿಗೆ ಬಿಚ್ಚಿದರಾಯಿತು, ಇನ್ನೊಂದು ವರ್ಷ ನಡೆಯುತ್ತದೆ.

ಇಂಥವಳು ಮಲಗುವ ಕೋಣೆಯ ಮೂಲೆಗೊಂದು ನೀಲಿ ಪರದೆ ಹಾಕಿದ್ದಳು. ಅದರ ಹಿಂದೆ ಏನಿದೆಯೆಂದು ಆಕೆ, ಮಗ, ಸೊಸೆ, ಮೊಮ್ಮಗಳು, ಈ ನಾಲ್ವರ ಹೊರತು ನರಪಿಳ್ಳೆಗೂ ಗೊತ್ತಿರಲಿಲ್ಲ. ನೀರಿನ ಕ್ಯಾನುಗಳು, ಮೇಣದಬತ್ತಿ, ಬೆಂಕಿಪೊಟ್ಟಣ, ಸೋಪು, ಜ್ವರದ ಮಾತ್ರೆ. ಅಕ್ಕಿ ಬೇಳೆ ಉಪ್ಪು ಸಕ್ಕರೆಗಳು ಮಾತ್ರ ದಿನಕ್ಕೊಂದರಂತೆ ಬಟ್ಟೆ ಚೀಲಗಳಲ್ಲಿ; ಬಾಯಿಗೆ ಯಂತ್ರದ ಹೊಲಿಗೆ. ಹತ್ತು ಚೀಲ, ಹತ್ತು ದಿನ, ನಾಲ್ಕು ಜನ. ಒಂದು ಹಿಡಿ ಹೆಚ್ಚಿಲ್ಲ. ಮೂರು ತಿಂಗಳಿಗೊಮ್ಮೆ ಹಳೆಯದನ್ನು ಬಿಚ್ಚಿ ಅಡುಗೆಗೆ ಕೊಟ್ಟು, ಹೊಸದು ತುಂಬಿ ಮತ್ತೆ ಹೊಲಿಯುತ್ತಿದ್ದಳು. ಬೇರೆಯವರು ಅಡುಗೆಗೆ ಸೌಟು ಹುಡುಕುತ್ತಾರೆ, ನಮ್ಮಲ್ಲಿ ಕತ್ತರಿ ಹುಡುಕಬೇಕು ಎಂದು ಸೊಸೆ ಕಾಲೆಳೆಯುತ್ತಿದ್ದಳು. ಔಷಧದಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ. ಬಾಯಿ ಸ್ವಲ್ಪ ಜೋರು, ಮನಸ್ಸು ಮೆತ್ತಗೆ.

ಟೈಲರಮ್ಮ ನಗುತ್ತಿರಲಿಲ್ಲ. ಮಗ ಎರಡು ವರ್ಷದವನಿದ್ದಾಗ ಗಲಭೆಯಾಗಿ ವಾರಗಟ್ಟಲೆ ಅಂಗಡಿ ತೆರೆದಿರಲಿಲ್ಲ. ಆಗ ಆಕೆ ಖಾಲಿ ಬಟ್ಟಲು ಹಿಡಿದು ಮೂರು ಮನೆಯ ಬಾಗಿಲು ತಟ್ಟಿದ್ದಳು. ಮೂರೂ ತೆರೆಯಲಿಲ್ಲ. ಮೂರನೆಯದರ ಹಿಂದೆ ತಟ್ಟೆಗೆ ಚಮಚ ತಾಗುವ ಸದ್ದು ಕೇಳುತ್ತಿತ್ತು. ಈಕೆ ತಟ್ಟಿದ ಕೂಡಲೇ ಅದೂ ನಿಂತಿತು. ಇನ್ನು ಸತ್ತರೂ ಒಬ್ಬರ ಬಾಗಿಲಿಗೆ ಹೋಗುವುದಿಲ್ಲ ಎಂದು ಅಂದೇ ನಿಶ್ಚಯಿಸಿದ್ದಳು. ಪರದೆಯ ವಿಷಯ ಬಾಯಿಬಿಡಬಾರದೆಂದು ಪುಟ್ಟ ಮೊಮ್ಮಗಳಿಗೂ ತಾಕೀತು ಮಾಡಿದ್ದಳು. ಅವಮಾನ ಅಷ್ಟು ಆಳಕ್ಕೆ ಇಳಿದಿತ್ತು, ಪಾಪ.

ಈ ವರ್ಷದ ಬಿರುಗಾಳಿಗೆ ಸೇತುವೆ ಕುಸಿಯಿತು, ಕರೆಂಟು ಹೋಯಿತು, ಎರಡೇ ದಿನದಲ್ಲಿ ಅಂಗಡಿಗಳು ಖಾಲಿಯಾದವು. ಟೈಲರಮ್ಮ ಮೊದಲನೆಯ ಚೀಲದ ಹೊಲಿಗೆ ಬಿಚ್ಚುವಾಗ ಸೊಸೆ ತಾನಾಗಿಯೇ ಕತ್ತರಿ ತಂದುಕೊಟ್ಟಳು. ಅತ್ತೆಗೆ ಒಳಗೊಳಗೇ ಹಿಗ್ಗು.

ನಾಲ್ಕನೆಯ ದಿನ ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಬಾಗಿಲು ತಟ್ಟಿದ ಸದ್ದಾಯಿತು. ಎರಡು ಸಲ, ಮೆಲ್ಲಗೆ. ಸೊಸೆ ಏಳಹೋದಳು, ಟೈಲರಮ್ಮ ಕೈಸನ್ನೆ ಮಾಡಿ ಕೂರಿಸಿದಳು. ಇವತ್ತು ಒಬ್ಬರಿಗೆ ಕೊಟ್ಟರೆ ನಾಳೆ ಇಡೀ ಕಟ್ಟಡ ಬರುತ್ತದೆ. ಆಮೇಲೆ ಮೊಮ್ಮಗಳ ಕೈಗೆ ಬಟ್ಟಲು ಕೊಟ್ಟು ಎಲ್ಲಿಗೆ ಕಳಿಸುವುದು? ಯಾರೂ ಮಿಸುಕಾಡಲಿಲ್ಲ. ಮೊಮ್ಮಗಳು ಮಾತ್ರ ಚಮಚವನ್ನು ಸದ್ದಾಗದಂತೆ ತಟ್ಟೆಯ ಅಂಚಿಗೆ ಇಡಲು ಹೋದಳು. ಅದು ಟಿಣ್ ಎಂದಿತು.

ಟೈಲರಮ್ಮ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಹಾಕಿದಳು. ಮೂವತ್ತು ವರ್ಷದಿಂದ ತಾನು ಆ ಬಾಗಿಲ ಹೊರಗೇ ನಿಂತಿದ್ದೇನೆ ಅಂದುಕೊಂಡಿದ್ದಳು. ಈಗ ನೋಡಿದರೆ ಒಳಗೆ ಕೂತಿದ್ದಾಳೆ. ನಾಚಿಕೆಯಿಂದ ಹಿಡಿಯಷ್ಟಾದಳು. ಎದ್ದು ಹೋಗಿ ಚಿಲಕ ತೆಗೆದಳು.

ಹೊರಗೆ ಮೇಲಿನ ಮನೆಯ ನರ್ಸ್, ಕೈಯಲ್ಲಿ ಸ್ಟೀಲ್ ಬಟ್ಟಲು. ಅಪ್ಪ ನಿನ್ನೆಯಿಂದ ಬರೀ ಬಿಸ್ಕತ್ತಿನಲ್ಲಿದ್ದಾರೆ, ಒಂದು ಹಿಡಿ ಅಕ್ಕಿ ಸಾಕು ಎಂದಳು, ನೆಲ ನೋಡುತ್ತ. ಟೈಲರಮ್ಮ ಬಟ್ಟಲು ಮುಟ್ಟಲಿಲ್ಲ. ಒಳಗಿನಿಂದ ಇಡೀ ಚೀಲವನ್ನೇ ತಂದು ಕೈಗಿಟ್ಟಳು.

"ನಿಮಗೆ ಕಮ್ಮಿ ಬೀಳಲ್ವಾ ಅಮ್ಮ?"

"ಇಲ್ಲಮ್ಮ. ಬಟ್ಟೆಗೆ ಬಿಡೋ ಹಾಗೆ ಇದಕ್ಕೂ ಒಂದಿಂಚು ಬಿಟ್ಟೇ ಹೊಲಿದಿದ್ದೀನಿ."

ಅದು ಹಸಿ ಸುಳ್ಳು. ಸೊಸೆಗೆ ಗೊತ್ತಿತ್ತು, ಸಂಜೆ ಅಕ್ಕಿ ಅಳೆಯುವಾಗ ಅರ್ಧ ಲೋಟ ಕಡಿಮೆ ಹಾಕಿದಳು.

ಮರುದಿನದಿಂದ ಜನ ಬಂದರು, ಆದರೆ ಬರಿಗೈಯಲ್ಲಿ ಅಲ್ಲ. ಹತ್ತು ದಿನದ ಅಕ್ಕಿ ಕೂಡಿಟ್ಟ ಟೈಲರಮ್ಮ ಎರಡನೇ ಗ್ಯಾಸ್ ಸಿಲಿಂಡರನ್ನೇ ಮರೆತಿದ್ದಳು. ಒಲೆ ಆರಿದ ದಿನ ಮೂರನೇ ಮಹಡಿಯ ಡ್ರೈವರ್ ತನ್ನದನ್ನು ಹೆಗಲ ಮೇಲೆ ಹೊತ್ತು ತಂದ. ಮೊಮ್ಮಗಳಿಗೆ ಜ್ವರ ಬಂದಾಗ ನರ್ಸ್ ಬಂದು ನೋಡಿ ಹೋದಳು. ಎಲ್ಲರಿಗೂ ಒಂದೇ ಪಾತ್ರೆಯಲ್ಲಿ ಅಡುಗೆ, ಎಲ್ಲರಿಗೂ ಅರೆಹೊಟ್ಟೆ. ಕೊನೆಯ ಚೀಲ ಬಿಚ್ಚಿದ ದಿನವೇ ತಾತ್ಕಾಲಿಕ ಸೇತುವೆ ದಾಟಿ ದಿನಸಿ ಲಾರಿ ಬಂತು.

ಮುಂದಿನ ಭಾನುವಾರ ಟೈಲರಮ್ಮ ನೀಲಿ ಪರದೆಯನ್ನು ಕಿತ್ತು ಮೇಜಿನ ಮೇಲೆ ಹಾಸಿದಳು.

"ಪರದೆ ಬೇಡ್ವಾ ಅತ್ತೆ?" ಎಂದಳು ಸೊಸೆ.

"ಚೀಲಕ್ಕೆ ಬಟ್ಟೆ ಸಾಲಲ್ಲ. ಆ ತುದಿ ಹಿಡ್ಕೊ," ಎಂದು ಟೈಲರಮ್ಮ ಕತ್ತರಿ ಕೈಗೆತ್ತಿಕೊಂಡಳು. "ಮೂರನೇ ಮಹಡೀಲಿ ಎಷ್ಟು ಜನ ಇದಾರೆ, ಹೇಳು."