ಚಿಲಕವಿಲ್ಲದ ಕೋಣೆಯ ಮಾಲೀಕರು

ನನ್ನ ಭಾವನನ್ನು ಮಾಲೀಕನನ್ನಾಗಿ ಮಾಡಿದ್ದು ಟೈ ಕಟ್ಟಿಕೊಂಡ ಒಬ್ಬ ಸೇಲ್ಸ್‌ಮನ್. ಅಂಧೇರಿಯ ಒಂದು ಹೋಟೆಲಿನ ಏಸಿ ಕೋಣೆಯಲ್ಲಿ ಹಲವು ಜೋಡಿ ಗಂಡಹೆಂಡಿರನ್ನು ಕೂರಿಸಿ, ಕಾಫಿ ಕೊಟ್ಟು, ಕಡಲ ದಂಡೆಯ ಸ್ಲೈಡುಗಳನ್ನು ತೋರಿಸಿ, ‘ಇನ್ನುಮೇಲೆ ನೀವು ಗೆಸ್ಟ್ ಅಲ್ಲ, ಓನರ್’ ಎಂದನಂತೆ. ಒಮ್ಮೆ ಹಣ ಕಟ್ಟಿದರೆ ವರ್ಷಕ್ಕೊಂದು ವಾರ ರೆಸಾರ್ಟಿನ ಒಂದು ಕೋಣೆ ನಿಮ್ಮದು. ಇದಕ್ಕೆ ಟೈಮ್‌ಶೇರ್ ಎಂದು ಹೆಸರು. ಎಂಬತ್ತರ ದಶಕ ಮುಗಿಯುತ್ತಿದ್ದ ಆ ಹೊತ್ತಿನಲ್ಲಿ ಬೊಂಬಾಯಿಯ ಸಂಬಳದ ಜನಕ್ಕೆ ಅದು ಹೊಸ ಮಾತು. ವಡಾಲದ ಬಾಡಿಗೆ ಮನೆಯಲ್ಲಿ ತಲೆಗೂದಲು ನರೆಸಿಕೊಂಡಿದ್ದ ಭಾವನಿಗೆ ಓನರ್ ಎಂಬ ಪದ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು.

ಆ ವರ್ಷವೇ ಅಕ್ಕನ ಎಡ ಮೊಲೆಯನ್ನು ಆಪರೇಷನ್ ಮಾಡಿ ತೆಗೆದರು. ಮನೆಯವರನ್ನು ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ಬಿಲ್ಡಿಂಗಿನವರು ಕೇಳಿದಾಗ ಗರ್ಭಕೋಶದ ತೊಂದರೆ ಎಂದೆವು. ಅದು ಅಕ್ಕನದೇ ತೀರ್ಮಾನ. ಆಸ್ಪತ್ರೆಯ ಮಂಚದ ಮೇಲೆ ಕೂತು ನನಗೂ ಭಾವನಿಗೂ ಅವಳು ಹೇಳಿದ ಮಾತು ನನಗೆ ಹಾಗೇ ನೆನಪಿದೆ. ‘ಯಾರಿಗೆ ಹೇಳಬೇಕು, ಯಾವಾಗ ಹೇಳಬೇಕು ಅನ್ನೋದನ್ನ ಮಾತ್ರ ನನಗೆ ಬಿಟ್ಟುಬಿಡಿ. ಅಷ್ಟು ಸಾಕು.’

ಹೊಲಿಗೆ ಮಾಗಿದ ಮೇಲೆ ಡಾಕ್ಟರು ಒಂದು ವ್ಯಾಯಾಮ ಹೇಳಿಕೊಟ್ಟರು. ಗೋಡೆಗೆ ಎದುರಾಗಿ ನಿಂತು, ಎಡಗೈಯ ಬೆರಳುಗಳನ್ನು ಗೋಡೆಯ ಮೇಲೆ ಹತ್ತಿಸಿಕೊಂಡು ಹೋಗಬೇಕು. ದಿನದಿನಕ್ಕೆ ಸ್ವಲ್ಪ ಸ್ವಲ್ಪ ಮೇಲೆ. ಮಾಡದಿದ್ದರೆ ಕೈ ಹಾಗೇ ಬಿಗಿದುಕೊಳ್ಳುತ್ತದೆ. ರವಿಕೆ ತೊಟ್ಟರೆ ಗಾಯದ ಮೇಲೆ ಎಳೆಯುತ್ತಿತ್ತು, ಬಿಚ್ಚಿಯೇ ಮಾಡಬೇಕಿತ್ತು. ವಡಾಲದ ಆ ಮನೆಯಲ್ಲಿ ವಯಸ್ಸಾದ ಮಾವ, ಎದೆಯೆತ್ತರ ಬೆಳೆದ ಇಬ್ಬರು ಗಂಡುಮಕ್ಕಳು, ಸಕ್ಕರೆ ಕೇಳಿಕೊಂಡು ಬರುವ ನೆರೆಯವರು. ಅಂಥ ಕಡೆ ರವಿಕೆ ಬಿಚ್ಚಿ ಗೋಡೆ ಹತ್ತುವುದು ಎಲ್ಲಿ? ಆಗ ಭಾವ ತಮ್ಮ ವಾರವನ್ನು ಹೊರತೆಗೆದರು. ‘ನಮ್ಮದೇ ರೂಮಿದೆ. ಬಾಗಿಲು ಹಾಕ್ಕೊಂಡ್ರೆ ಆಯ್ತು, ಒಂದು ನರಪಿಳ್ಳೆ ಬರಲ್ಲ.’ ಅಕ್ಕ ಹೊರಟಿದ್ದು ಸಮುದ್ರಕ್ಕಾಗಿ ಅಲ್ಲವೇ ಅಲ್ಲ, ಆ ಬಾಗಿಲಿಗಾಗಿ. ಜೊತೆಗಿರಲು ತಂಗಿಯಾದ ನಾನೂ ವಿಕ್ರೋಳಿಯ ನನ್ನ ಆಫೀಸಿಗೆ ರಜೆ ಹಾಕಿದೆ.

ರೆಸಾರ್ಟು ಮಲಾಡಿನಿಂದಾಚೆ, ಬಸ್ಸು ಕೊನೆಯ ಸ್ಟಾಪಿನಲ್ಲಿ ತಿರುಗಿಕೊಳ್ಳುವಲ್ಲಿಂದ ಇನ್ನೂ ಮುಂದೆ, ಕಡಲಿಗೆ ಮುಖಮಾಡಿ ಇತ್ತು. ಒಣಮೀನಿನ ವಾಸನೆ ಕೋಣೆಯವರೆಗೂ ಬರುತ್ತಿತ್ತು. ಸ್ಲೈಡಿನಲ್ಲಿ ವಾಸನೆ ಇರುವುದಿಲ್ಲವಲ್ಲ. ಕೋಣೆಗೆ ಹೋದವಳೇ ಅಕ್ಕ ಮೊದಲು ನೋಡಿದ್ದು ಬಾಗಿಲನ್ನು. ಹಿತ್ತಾಳೆ ಬಣ್ಣದ ಗುಂಡು ಹಿಡಿ ಇತ್ತು, ಅದರ ನಡುವೆ ಒತ್ತುವ ಗುಂಡಿ ಇತ್ತು. ಒಳಗಿನ ಚಿಲಕ ಇರಲಿಲ್ಲ. ಇತ್ತೆಂಬುದಕ್ಕೆ ಗುರುತಾಗಿ ಸ್ಕ್ರೂ ಬಿಚ್ಚಿದ ತೂತುಗಳಿದ್ದವು, ಅವುಗಳ ಮೇಲೆ ಬಣ್ಣ ಬಳಿದಿದ್ದರು. ಭಾವ ಕೆಳಗೆ ಹೋಗಿ ಕೇಳಿ ಬಂದರು. ‘ಸೇಫ್ಟಿಗೆ ಅಂತೆ. ಒಳಗೆ ಯಾರಿಗಾದ್ರೂ ಹುಷಾರು ತಪ್ಪಿದ್ರೆ ತೆಗೆಯೋಕೆ ಆಗಬೇಕಲ್ಲ.’

‘ಹೊರಗಡೆಯಿಂದ ಬೀಗದ ಕೈ ಇದೆಯಾ ಅವರ ಹತ್ರ?’ ಅಕ್ಕ ಕೇಳಿದಳು.

‘ಇರುತ್ತೆ ಕಣೇ. ಆದ್ರೆ ಬರೋದ್ಯಾಕೆ? ಓನರ್ಸ್ ನಾವು.’

ಮರುದಿನ ಬೆಳಿಗ್ಗೆ ಭಾವ ಮರಳಿನ ಮೇಲೆ ನಡೆಯಲು ಹೋದರು. ಅಕ್ಕ ಗುಂಡಿ ಒತ್ತಿ, ಹಿಡಿಯನ್ನು ಎರಡು ಸಲ ಎಳೆದು ನೋಡಿ, ರವಿಕೆ ಬಿಚ್ಚಿ, ಬಾಗಿಲಿನ ಪಕ್ಕದ ಗೋಡೆಗೆ ನಿಂತಳು. ಆ ಕೋಣೆಯಲ್ಲಿ ಕಪಾಟಾಗಲಿ ಚಿತ್ರವಾಗಲಿ ಇಲ್ಲದ ಗೋಡೆ ಅದೊಂದೇ. ನಾನು ಬಾಲ್ಕನಿಯಲ್ಲಿದ್ದೆ. ಬೀಗ ತಿರುಗಿದ ಸದ್ದು ಕೇಳಿ ತಿರುಗಿದೆ. ಬಾಗಿಲು ತೆರೆದಿತ್ತು. ಹೊಸ್ತಿಲ ಮೇಲೆ ಒಬ್ಬ ನಿಂತಿದ್ದ, ಬಿಳಿ ಅಂಗಿ, ಕೈಯಲ್ಲಿ ಬೀಗದ ಕೈಗಳ ದೊಡ್ಡ ಗೊಂಚಲು. ‘ಚೆಕಿಂಗ್’ ಎಂದ. ತಟ್ಟಿರಲಿಲ್ಲ. ಅವನು ಎಷ್ಟು ನೋಡಿದನೆಂದು ನಾನು ಹೇಳಲಾರೆ. ಅಕ್ಕ ಏನು ಮಾಡಿದಳೆಂದು ಹೇಳಬಲ್ಲೆ. ಅವಳು ಕೂಗಲಿಲ್ಲ. ಓಡಲಿಲ್ಲ. ಮೇಲೆ ಹೋಗಿದ್ದ ಕೈಯನ್ನು ನೋವಿನಿಂದ ತಕ್ಷಣ ಇಳಿಸಲಾಗದೆ, ಮುಖವನ್ನು ಗೋಡೆಗೆ ಒತ್ತಿಕೊಂಡು ಹಾಗೇ ನಿಂತಳು. ನಾನು ಟವೆಲು ಹಿಡಿದು ಅವಳ ಬೆನ್ನಿಗೆ ಓಡಿದೆ. ಅವನು ಕಣ್ಣು ತಗ್ಗಿಸಿದ್ದು ನಿಜ. ಆದರೆ ಹೊರಗೆ ಹೋಗಲಿಲ್ಲ. ತಗ್ಗಿದ ಕಣ್ಣಲ್ಲೇ ಕೋಣೆಯನ್ನು ಸುತ್ತಿ, ಗ್ಲಾಸು, ಬೂದಿಬಟ್ಟಲು, ಬಲ್ಬು, ಕಂಬಳಿ ಎಂದು ಒಂದೊಂದನ್ನೇ ಗೊಣಗಿಕೊಂಡು ನೋಡಿ, ಮಂಚದ ಕೆಳಗೂ ಬಗ್ಗಿ, ‘ಥ್ಯಾಂಕ್ ಯೂ’ ಎಂದು ಹೋದ.

ಇದು ದಿನವೂ ನಡೆಯುವ ಪದ್ಧತಿ ಎಂದು ಆಮೇಲೆ ತಿಳಿಯಿತು. ಹಿಂದಿನ ಓನರುಗಳು ಟವೆಲು, ಬಲ್ಬು ಎತ್ತಿಕೊಂಡು ಹೋಗಿದ್ದರಂತೆ, ಸ್ಟವ್ ತಂದು ಕೋಣೆಯಲ್ಲೇ ಅಡುಗೆ ಮಾಡಿದ್ದರಂತೆ, ನಾಲ್ವರ ಕೋಣೆಗೆ ನೆಂಟರನ್ನೆಲ್ಲ ತುಂಬಿದ್ದರಂತೆ. ಆದ್ದರಿಂದ ಈಗ ಪ್ರತಿಯೊಬ್ಬ ಓನರನ್ನೂ ಪ್ರತಿದಿನವೂ ಕಳ್ಳನೋ ಅಲ್ಲವೋ ಎಂದು ನೋಡಬೇಕಿತ್ತು. ಯಾವ ಹೊತ್ತಿಗೆ ಬರುತ್ತಾರೆಂದು ಹೇಳುವಂತಿಲ್ಲ, ಹೇಳಿದರೆ ಸ್ಟವ್ ಬಚ್ಚಿಡುತ್ತಾರಲ್ಲ. ಊಟದ ಮನೆಯಲ್ಲಿ ಒಬ್ಬ ನಿವೃತ್ತ ಅಧಿಕಾರಿ ಇದನ್ನು ಭಾವನಿಗೆ ಬಹಳ ಮೆಚ್ಚಿ ವಿವರಿಸಿದ. ‘ಇಷ್ಟು ಚೆಕಿಂಗ್ ಇರೋದರಿಂದಲೇ ಜಾಗ ಇಷ್ಟು ಡೀಸೆಂಟಾಗಿದೆ.’ ಮಂಚದ ಕೆಳಗೆ ಬಗ್ಗಿ ನೋಡಿಸಿಕೊಂಡು ಮರ್ಯಾದಸ್ಥನೆನಿಸಿಕೊಳ್ಳುವ ಜನರನ್ನು ನಾನು ಅದೇ ಮೊದಲು ಕಂಡೆ. ಅಲ್ಲಿ ಅಂಥವರೇ ತುಂಬಿದ್ದರು.

ಬಂದು ಹೋದವನು ಅಲ್ಲಿನ ಸೂಪರ್‌ವೈಸರ್. ಸಂಜೆ ಭಾವ ನನ್ನೊಡನೆ ಕನ್ನಡ ಮಾತಾಡುವುದು ಕೇಳಿ ತಾನೇ ಹತ್ತಿರ ಬಂದ. ‘ಓ, ನೀವು ಕನ್ನಡದವರಾ? ಎಂತ ಮಾರಾಯ್ರೆ, ಮೊದಲೇ ಹೇಳಬಾರದಾ? ನನ್ನದು ಉಡುಪಿ ಹತ್ತಿರ.’

ಇಲ್ಲಿ ನಮ್ಮವರ ಒಂದು ಗುಣ ಹೇಳಬೇಕು. ಬೊಂಬಾಯಿಯಲ್ಲಿ ಮೈಸೂರು ಕಡೆಯವರಿಗೆ ಹೋಟೆಲಿನಲ್ಲಿ ಒಂದು ಕನ್ನಡದ ಮಾತು ಕೇಳಿದರೆ ಸಾಕು, ಯಾವೂರು ಎಂದು ಶುರುವಾಗಿ ಕಾಫಿ ಮುಗಿಯುವುದರೊಳಗೆ ತಮ್ಮ ಬಿಪಿ, ಮಗಳ ಜಾತಕ, ಊರಿನ ಸೈಟಿನ ಜಗಳ ಎಲ್ಲವೂ ಎದುರಿನವನ ಮಡಿಲಿಗೆ ಬಿದ್ದಿರುತ್ತದೆ. ಹಿಂದಿಯಲ್ಲಾದರೆ ಬಾಯಿ ಬಿಡದವರು ಕನ್ನಡದಲ್ಲಿ ಹೇಳಿದ್ದು ಮನೆಯೊಳಗೇ ಉಳಿಯುತ್ತದೆಂದು ನಂಬುತ್ತಾರೆ. ನಾನು ಕೋಣೆಗೆ ಹೋದ ಮೇಲೂ ಭಾವ ಅವನೊಂದಿಗೆ ಮೆಟ್ಟಿಲ ಹತ್ತಿರ ನಿಂತೇ ಇದ್ದರು. ಆಮೇಲೆ ಗೆದ್ದವರ ಮುಖ ಹೊತ್ತು ಬಂದರು.

‘ನಮ್ಮವನೇ ಕಣೇ. ಹೇಳಿದ್ದೀನಿ. ನಾಳೆಯಿಂದ ಬರಲ್ಲ.’

‘ಏನು ಹೇಳಿದ್ರಿ?’

‘ಇರೋದನ್ನ.’

‘ಇರೋದನ್ನೋ, ಇಲ್ಲದ್ದನ್ನೋ?’

ಭಾವ ಕನ್ನಡಕ ತೆಗೆದು ಒರೆಸಿಕೊಳ್ಳತೊಡಗಿದರು.

ಆ ಸೂಪರ್‌ವೈಸರ್ ಕೆಟ್ಟವನೆಂದು ನಾನು ಹೇಳುವುದಿಲ್ಲ. ಮರುಕದಿಂದಲೇ ಮ್ಯಾನೇಜರಿಗೆ ಹೇಳಿರಬೇಕು. ಮ್ಯಾನೇಜರು ಸಫಾರಿ ಸೂಟಿನ ಮನುಷ್ಯ. ಮರುದಿನ ತಿಂಡಿಯ ಹೊತ್ತಿಗೆ, ಎಲ್ಲ ಮೇಜುಗಳೂ ತುಂಬಿದ್ದಾಗ, ನಮ್ಮ ಬಳಿ ಬಂದು ನಿಂತ. ಹಿಂದಿಯಲ್ಲಿ ಶುರುಮಾಡಿದ, ಅವನ ಗಂಟಲು ಸಣ್ಣದಾಗಿರಲಿಲ್ಲ. ‘ಮ್ಯಾಡಮ್, ನಿಮ್ಮ ಕ್ಯಾನ್ಸರ್ ಆಪರೇಷನ್ ವಿಷಯ ನನ್ನ ಗಮನಕ್ಕೆ ಬಂತು. ವೆರಿ ಸಾರಿ. ಆದ್ರೆ ಚೆಕಿಂಗ್ ಕಂಪಲ್ಸರಿ. ನಿಮಗೋಸ್ಕರ ಸ್ಪೆಷಲಾಗಿ ಲೇಡೀಸ್ ಸ್ಟಾಫ್ ಕಳಿಸ್ತೀನಿ.’ ದೊಡ್ಡ ಉಪಕಾರ ಮಾಡಿದವನ ಹಾಗೆ ಸ್ವಲ್ಪ ಬಾಗಿದ. ಚಮಚಗಳ ಸದ್ದು ನಿಂತಿತ್ತು. ಅಕ್ಕ ಇಡ್ಲಿಯ ತುಂಡನ್ನು ಚಟ್ನಿಗೆ ಅದ್ದಿ ಬಾಯಿಗಿಟ್ಟಳು, ಅಗಿದಳು, ನುಂಗಿದಳು. ಅವಳ ಕಿವಿಗಳು ಕೆಂಪಾಗಿದ್ದವು.

ಪಕ್ಕದ ಮೇಜಿನ ಹೆಂಗಸು ಕೈ ತೊಳೆಯುವಲ್ಲಿಗೆ ಅಕ್ಕನ ಹಿಂದೆಯೇ ಬಂದಳು. ಹಿಂದಿಯಲ್ಲಿ ಕೇಳಿದಳು, ‘ನೀವು ಸ್ವಿಮ್ಮಿಂಗ್ ಪೂಲಿಗೆ ಇಳೀತೀರಾ ಬೆಹೆನ್‌ಜೀ? ನಮ್ಮ ಮಕ್ಕಳು ಇಳೀತಾರೆ, ಅದಕ್ಕೇ ಕೇಳಿದೆ.’

‘ಇಲ್ಲ, ನನಗೆ ಈಜು ಬರಲ್ಲ’ ಎಂದಳು ಅಕ್ಕ.

ಕೋಣೆಗೆ ಬಂದ ಮೇಲೆ ಮಾತ್ರ ನಕ್ಕಳು. ಎದೆಯ ಖಾಲಿ ಜಾಗಕ್ಕೆ ಅವಳೇ ಒಂದು ಚೀಲ ಹೊಲಿದುಕೊಂಡಿದ್ದಳು, ಹಳೆಯ ವಾಯಿಲ್ ಸೀರೆಯದು. ಒಳಗೆ ಹತ್ತಿ, ತೂಕಕ್ಕೆ ಒಂದಿಷ್ಟು ಸಾಸಿವೆ. ‘ಪೂಲಲ್ಲಿ ಸಾಸಿವೆ ಉದುರಿ ಮೊಳಕೆ ಬಂದೀತು ಅಂತ ಭಯವೇನೋ ಪಾಪ’ ಎಂದಳು. ನಾನೂ ನಕ್ಕೆ. ಭಾವ ನಗಲಿಲ್ಲ.

ಅಂದು ಚೆಕಿಂಗಿಗೆ ಹೆಂಗಸರು ಬಂದರು. ಒಬ್ಬಳಲ್ಲ, ಗುಂಪಾಗಿ. ಬಲ್ಬು ನೋಡಲು ಅಷ್ಟು ಜನ ಬೇಕಿರಲಿಲ್ಲ. ಅವರು ಬಲ್ಬು ನೋಡಲೂ ಇಲ್ಲ. ಅಕ್ಕನ ಸೆರಗಿನ ಎಡಬಲಗಳನ್ನು ಅಳೆದು, ಒಬ್ಬಳನ್ನೊಬ್ಬಳು ಮೊಣಕೈಯಿಂದ ತಿವಿದುಕೊಂಡು ಹೋದರು. ಆಮೇಲೆ ಅಕ್ಕ ಕೋಣೆಯ ಗೋಡೆಗೆ ನಿಲ್ಲಲಿಲ್ಲ. ಇಡೀ ರೆಸಾರ್ಟಿನಲ್ಲಿ ಒಳಗಿನಿಂದ ಅಗುಳಿ ಹಾಕಲು ಬರುತ್ತಿದ್ದುದು ಬಚ್ಚಲಿಗೆ ಮಾತ್ರ. ಕಮೋಡಿಗೂ ವಾಶ್‌ಬೇಸಿನ್ನಿಗೂ ನಡುವಿನ ಟೈಲ್ಸಿನ ಮೇಲೆ ಅವಳ ಬೆರಳುಗಳು ಹತ್ತುತ್ತಿದ್ದವು. ಟೈಲ್ಸು ನುಣುಪು, ಬೆರಳುಗಳು ಜಾರುತ್ತಿದ್ದವು. ಹೊರಗಿನಿಂದ ನನಗೆ ಅವಳ ಉಸಿರು ಕೇಳುತ್ತಿತ್ತು. ಹೀಗೆ ನಾವು ಬೊಂಬಾಯಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಬಂದು ಒಂದು ಬಚ್ಚಲಿನ ಓನರುಗಳಾದೆವು.

ವಾರ ತುಂಬುವ ಮೊದಲೇ ಹೊರಟೆವು. ಹೊರಡುವಾಗ ಕೊನೆಯ ಚೆಕಿಂಗ್. ಅದು ಮುಗಿಯುವವರೆಗೆ ಓನರುಗಳು ಗೇಟು ದಾಟುವಂತಿಲ್ಲ. ಸಾಮಾನುಗಳೊಂದಿಗೆ ರಿಸೆಪ್ಷನ್ನಿನಲ್ಲಿ ಕೂತಿದ್ದೆವು. ಕೋಣೆಯಿಂದ ಸುದ್ದಿ ಬಂತು, ಬಚ್ಚಲಿನ ಕೈ ಒರೆಸುವ ಟವೆಲು ಒಂದು ಇಲ್ಲ. ಬಿಳಿಯದು.

‘ಬ್ಯಾಗು ತೋರಿಸಬೇಕಾಗ್ತದೆ’ ಎಂದ ನಮ್ಮ ಉಡುಪಿಯವನು, ಈ ಸಲ ಹಿಂದಿಯಲ್ಲಿ. ಮ್ಯಾನೇಜರು ಪಕ್ಕದಲ್ಲೇ ಇದ್ದ.

‘ನಿಮ್ಮ ಟವೆಲಿನ ಬೆಲೆ ಬಿಸಾಕ್ತೀನಿ, ಬಿಡ್ರೀ!’ ಎಂದರು ಭಾವ.

‘ಬೆಲೆ ಪ್ರಶ್ನೆ ಅಲ್ಲ ಸರ್. ರೂಲ್’ ಎಂದ ಮ್ಯಾನೇಜರು.

ಅಕ್ಕನ ಬ್ಯಾಗಿನ ಜಿಪ್ಪು ಎಳೆದದ್ದು ಉಡುಪಿಯವನು. ಸೀರೆಗಳ ಕೆಳಗೆ ಬಿಳಿ ಬಟ್ಟೆಯ ಒಂದು ಸುರುಳಿ ಸಿಕ್ಕಿತು. ಅವನ ಮುಖ ಅರಳಿತು, ನಾನು ನೋಡಿದೆ. ಅಕ್ಕ ‘ಅದು ಬೇಡ’ ಎಂದಳು, ಕನ್ನಡದಲ್ಲಿ, ಮೆಲ್ಲಗೆ. ಅವನು ಅಷ್ಟರಲ್ಲಿ ಬಿಡಿಸಿದ್ದ. ಬಿಳಿ ಬಟ್ಟೆ ನಮ್ಮ ಮನೆಯದೇ. ಒಳಗಿದ್ದದ್ದು ಬದಲಿಗಿರಲೆಂದು ಅಕ್ಕ ಹೊಲಿದು ಸುತ್ತಿಟ್ಟಿದ್ದ ಎದೆಯ ಎರಡನೆಯ ಚೀಲ. ಏನೆಂದು ತಿಳಿಯದೆ ಅವನು ಅದನ್ನು ಅಂಗೈಯಲ್ಲಿ ತೂಗಿ ನೋಡಿದ. ಒಳಗಿನ ಸಾಸಿವೆ ಸರಿದ ಸದ್ದಾಯಿತು. ‘ಯೇ ಕ್ಯಾ ಹೈ?’ ಎಂದ. ಆಮೇಲೆ ಅವನಿಗೆ ತಿಳಿಯಿತು. ಕೆಳಗಿಡಲೂ ತೋಚದೆ ಹಿಡಿದೇ ಇದ್ದ. ಸುತ್ತ ಬೇರೆ ಓನರುಗಳು ನಿಂತಿದ್ದರು. ಒಬ್ಬರೂ ಬೇರೆ ಕಡೆ ತಿರುಗಲಿಲ್ಲ.

ಅಕ್ಕ ಕುರ್ಚಿಯಿಂದ ಎದ್ದಳು. ಬಲಗೈ ಚಾಚಿ ಅದನ್ನು ತೆಗೆದುಕೊಂಡಳು. ‘ಇದು ನಿಮ್ಮ ರೂಮಿಂದಲ್ಲ, ನನ್ನದು. ಇನ್ನೇನಾದ್ರೂ ನೋಡೋದಿದೆಯಾ?’ ಎಂದಳು. ಮ್ಯಾನೇಜರು ಗಂಟಲು ಸರಿಮಾಡಿಕೊಂಡು, ಇದು ಯಾರ ಮೇಲೂ ಪರ್ಸನಲ್ ಅಲ್ಲ, ರೊಟೀನ್ ಎಂದ. ಅಷ್ಟು ಹೊತ್ತಿಗೆ ಒಬ್ಬ ಕೆಲಸದವಳು ಬಂದಳು. ಆ ಟವೆಲನ್ನು ಬೆಳಿಗ್ಗೆ ಅವಳೇ ಒಗೆಯಲು ಒಯ್ದಿದ್ದಳಂತೆ. ‘ಓಕೆ, ಕ್ಲಿಯರ್’ ಎಂದ ಮ್ಯಾನೇಜರು. ಕ್ಷಮಿಸಿ ಎಂಬ ಪದ ಅವನ ಬಾಯಿಂದ ಬರಲಿಲ್ಲ. ಮುಂದಿನ ವರ್ಷವೂ ಬನ್ನಿ ಎಂದ. ಎಷ್ಟೋ ವರ್ಷಗಳ ಮೇಲೂ ಆ ಸಫಾರಿ ಸೂಟನ್ನು ನೆನೆದರೆ ನನಗೆ ಸಿಟ್ಟು ಬರುವುದಿಲ್ಲ, ಹೇಸಿಗೆ ಬರುತ್ತದೆ.

ಮನೆಗೆ ಬಂದು ಕೈಕಾಲು ತೊಳೆಯುವಷ್ಟರಲ್ಲಿ ಎದುರುಮನೆಯ ಹಿರಿಯ ಹೆಂಗಸು ಬಂದರು. ಬಿಲ್ಡಿಂಗಿನ ಸುದ್ದಿಯೆಲ್ಲ ಅವರ ಬಾಯಲ್ಲೇ ಹುಟ್ಟುತ್ತದೆಂದು ನಾವು ಹೆದರುತ್ತಿದ್ದವರು ಅವರೇ. ‘ಏನ್ರೀ, ಬೇಗ ಬಂದ್ಬಿಟ್ರಿ? ಹೇಗಿತ್ತು ನಿಮ್ಮ ರೆಸಾರ್ಟು?’

‘ತುಂಬಾ ಕ್ಲೀನಾಗಿತ್ತು’ ಎಂದಳು ಅಕ್ಕ. ಒಂದು ಕ್ಷಣ ನನ್ನ ಮುಖ ನೋಡಿದಳು. ‘ಕೂತ್ಕೊಳ್ಳಿ, ಒಂದು ವಿಷಯ ಹೇಳಬೇಕು. ಬೇರೆ ಯಾರ ಬಾಯಿಂದಲೋ ಬರೋದಕ್ಕಿಂತ ನಾನೇ ಹೇಳ್ತೀನಿ. ನನಗೆ ಆಗಿದ್ದು ಗರ್ಭಕೋಶದ ಆಪರೇಷನ್ ಅಲ್ಲ.’

ಆಕೆ ಅಕ್ಕನ ಮೊಣಕಾಲ ಮೇಲೆ ಕೈಯಿಟ್ಟರು. ‘ಗೊತ್ತು ಕಣಮ್ಮಾ. ನೀವು ಆಸ್ಪತ್ರೆಯಿಂದ ಬಂದ ವಾರವೇ ಗೊತ್ತಾಯ್ತು. ಬಟ್ಟೆ ಒಣಹಾಕುವಾಗ ಕೈ ಏಳ್ತಿರಲಿಲ್ಲವಲ್ಲ. ನಮ್ಮ ಅತ್ತಿಗೆಗೂ ಹೀಗೇ ಆಗಿತ್ತು. ಬಿಲ್ಡಿಂಗಲ್ಲಿ ಎಲ್ಲರಿಗೂ ಗೊತ್ತು. ನೀವಾಗಿ ಹೇಳೋವರೆಗೆ ಯಾರೂ ಕೇಳಬಾರದು ಅಂತ ಮಾತಾಡ್ಕೊಂಡಿದ್ವಿ.’

ಅಕ್ಕ ಭಾವನ ಕಡೆ ತಿರುಗಿದಳು.

‘ಹಾಗಾದ್ರೆ ಅಷ್ಟು ದೂರ ಯಾಕೆ ಹೋಗಿದ್ವಿ ನಾವು?’